ಜೈಸಲ್ಮೇರ್: ಮರಳು ನೋಡಲು ಹೋಗಿ ನೀರು ನೋಡಿ ಬಂದದ್ದು

ಕಳೆದ ಜನವರಿಯಲ್ಲಿ ಸಮ್ ಮರಳುದಿಬ್ಬಗಳ ಬಳಿಯ ಡೇರೆ ಬಿಡಾರವೊಂದರಲ್ಲಿ ಒಂದು ರಾತ್ರಿ ತಂಗಿದ್ದೆವು. ಬೆಳಗಿನ ಜಾವ ಎಂಜಿನ್ನಿನ ಸದ್ದಿಗೆ ಎಚ್ಚರವಾಗಿ ಪರದೆ ಸರಿಸಿದರೆ, ನೀರಿನ ಟ್ಯಾಂಕರೊಂದು ಈಜುಕೊಳದ ಅಂಚಿನವರೆಗೆ ಹಿಮ್ಮುಖವಾಗಿ ಬಂದು ನಿಂತಿತ್ತು. ಮಂಕಿ ಟೋಪಿ ಹಾಕಿಕೊಂಡ ಹುಡುಗನೊಬ್ಬ ಪೈಪಿನ ಬಾಯನ್ನು ಕೊಳಕ್ಕೆ ಇಳಿಬಿಟ್ಟು, ಸೋರುತ್ತಿದ್ದ ಜಾಗಕ್ಕೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿ, ಅದರ ಕೆಳಗೊಂದು ಬಕೆಟ್ ಇಟ್ಟಿದ್ದ. ಬಕೆಟ್ ತುಂಬಿದೊಡನೆ ಅದನ್ನು ಒಯ್ದು ಒಂಟೆಗಳ ತೊಟ್ಟಿಗೆ ಸುರಿದು ಬರುತ್ತಿದ್ದ. ಶಾಲು ಸುತ್ತಿಕೊಂಡು ನನ್ನ ಹಿಂದೆ ಬಂದು ನಿಂತ ಅವ್ವ ಸ್ವಲ್ಪ ಹೊತ್ತು ನೋಡಿ, "ಈ ಚಳಿಯಾಗ ಇದರಾಗ ಈಜಾಡೋರು ಯಾರವ್ವಾ?" ಎಂದಳು. ನಾವು ಅಲ್ಲಿಂದ ಹೊರಡುವವರೆಗೂ ಯಾರೊಬ್ಬರೂ ಅದಕ್ಕೆ ಇಳಿದದ್ದನ್ನು ನಾನು ಕಾಣಲಿಲ್ಲ.

ನಾಲ್ಕು ದಿನಗಳ ಆ ಪ್ರವಾಸದಲ್ಲಿ ನೋಡಿದ ಜಾಗಗಳ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ಆ ಬಕೆಟ್. ಜೈಸಲ್ಮೇರ್‌ಗೆ ಎಲ್ಲರೂ ಮರಳು ನೋಡಲು ಹೋಗುತ್ತಾರೆ, ನಾವೂ ಅದಕ್ಕೇ ಹೋದೆವು. ಆದರೆ ಅಲ್ಲಿ ಕೋಟೆ, ಕೆರೆ, ಪಾಳು ಊರು, ಹಕ್ಕಿ, ಯಾವುದರ ಮುಂದೆ ನಿಂತರೂ ಮಾತು ನೀರಿಗೇ ಬಂದು ನಿಲ್ಲುತ್ತಿತ್ತು. ನಮ್ಮದು ಸಿರುಗುಪ್ಪದ ಕಡೆಯ ಎರೆ ಸೀಮೆ. ಕಾಲುವೆ ನೀರು ಏರದ ಹೊಲ. ಆದ್ದರಿಂದ ಅವ್ವನ ಕಣ್ಣಿಗೆ ಮೊದಲು ಬೀಳುತ್ತಿದ್ದುದೂ ಅದೇ.

ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಜೋಧಪುರಕ್ಕೆ ನೇರ ರೈಲಿದೆ; ಅಲ್ಲಿಂದ ಜೈಸಲ್ಮೇರ್‌ಗೆ ರೈಲಿನಲ್ಲಾದರೂ ಬಸ್ಸಿನಲ್ಲಾದರೂ ಇನ್ನೂ ಐದಾರು ಗಂಟೆಯ ದಾರಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಹೋಗಬೇಕು. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ದಾಟುತ್ತದೆ. ಜನವರಿಯ ರಾತ್ರಿಗಳು ಎಷ್ಟು ತಣ್ಣಗಿರುತ್ತವೆಂದರೆ, ಮರಳುಗಾಡೆಂದು ಹತ್ತಿಯ ಬಟ್ಟೆ ಮಾತ್ರ ತುಂಬಿಕೊಂಡು ಹೋದ ನಾನು ಮೊದಲ ದಿನವೇ ಪೇಟೆಯಲ್ಲಿ ಸ್ವೆಟರ್ ಕೊಳ್ಳಬೇಕಾಯಿತು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಥಾರ್ ಎಂದರೆ ಕಣ್ಣು ಹಾಯಿಸಿದಷ್ಟು ದೂರ ಅಲೆಅಲೆಯಾಗಿ ಹಬ್ಬಿದ ಮರಳು ಎಂದು ನೀವು ಭಾವಿಸಿದ್ದರೆ ನಿರಾಸೆಯಾಗುತ್ತದೆ. ಜೈಸಲ್ಮೇರ್ ಸುತ್ತಲಿನ ನೆಲ ಬಹುಪಾಲು ಕಲ್ಲು ಹರಳಿನ ಬಯಲು. ನಡುನಡುವೆ ಕುರುಚಲು ಗಿಡ, ಒಣಹುಲ್ಲು. ಚಿತ್ರಗಳಲ್ಲಿ ಕಾಣುವ ದಿಬ್ಬಗಳು ಸಮ್, ಖೂರಿಯಂತಹ ಕೆಲವೇ ಕಡೆ ಇವೆ.

ಕೋಟೆಯನ್ನು 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದನು. ತ್ರಿಕೂಟವೆಂಬ ಗುಡ್ಡದ ಮೇಲೆ ಹಳದಿ ಮರಳುಗಲ್ಲಿನಲ್ಲಿ ಎದ್ದಿರುವ ಈ ಕೋಟೆಗೆ 99 ಬುರುಜುಗಳು. ರಾಜಸ್ಥಾನದ ಇನ್ನೈದು ಗಿರಿದುರ್ಗಗಳೊಡನೆ ಇದು 2013ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಚಿತ್ರದುರ್ಗದ ಕೋಟೆ ಕಂಡವರಿಗೆ ಇಲ್ಲಿ ಹೊಸದೆನಿಸುವುದೆಂದರೆ ಒಳಗಿನ ವಾಸ: ಇವತ್ತಿಗೂ ಸಾವಿರಾರು ಜನ ಕೋಟೆಯೊಳಗೇ ಇದ್ದಾರೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಮದುವೆಯ ದಿನಾಂಕ ಬರೆದ ಗಣಪತಿಯ ಚಿತ್ರ, ಓಣಿಯ ತಿರುವಿನಲ್ಲಿ ಮಲಗಿದ ಹಸು, ಅದನ್ನು ದಾಟಿಸಿಕೊಂಡು ಸಿಲಿಂಡರ್ ಹೊತ್ತು ಹತ್ತುವ ಹುಡುಗ. ಒಳಗಿನ ಜೈನ ಬಸದಿಗಳಿಗೆ ಬೆಳಿಗ್ಗೆಯೇ ಹೋಗಬೇಕು, ಮಧ್ಯಾಹ್ನವಾದರೆ ಪ್ರವಾಸಿಗರಿಗೆ ಪ್ರವೇಶ ಸಿಗುವುದು ಕಷ್ಟ. ಚರ್ಮದ ಬೆಲ್ಟು, ಪರ್ಸುಗಳನ್ನು ಹೊರಗೇ ಬಿಡಬೇಕು. ಸಂಭವನಾಥ ಬಸದಿಯ ಕೆಳಗೆ ಜ್ಞಾನಭಂಡಾರವೆಂಬ ಹಳೆಯ ಗ್ರಂಥಾಗಾರವಿದ್ದು, ಅದರಲ್ಲಿ ಶತಮಾನಗಳಷ್ಟು ಹಿಂದಿನ ತಾಳೆಗರಿಯ ಪ್ರತಿಗಳಿವೆ. ಧವಳಾ ಎಂಬ ಜೈನ ಶಾಸ್ತ್ರಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳನ್ನು ಮೂಡಬಿದಿರೆ ಕಾಪಾಡಿಕೊಂಡು ಬಂದಿತು. ಅಲ್ಲಿನದು ಕಡಲ ತೀರದ ಮಳೆನಾಡು, ಇಲ್ಲಿನದು ವರ್ಷಕ್ಕೆ ಒಂದು ಗೇಣು ಮಳೆಯೂ ಸರಿಯಾಗಿ ಬೀಳದ ನಾಡು. ತಾಳೆಗರಿ ಉಳಿಸುವ ಕೆಲಸದಲ್ಲಿ ಇವರ ಪಾಡು ಸುಲಭವಿದ್ದಿರಬೇಕು.

ಕೋಟೆಯ ಕಷ್ಟ ಬಂದದ್ದು ನಲ್ಲಿಯಿಂದ. ಮನೆಗೆ ಎರಡು ಮೂರು ಕೊಡ ನೀರು ಹೊತ್ತು ತಂದು, ಹನಿಹನಿಯನ್ನೂ ಲೆಕ್ಕವಿಟ್ಟು ಬಳಸುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆಯಿದು. ಕೊಳವೆಯ ನೀರು ಬಂದು, ಅದರ ಹಿಂದೆಯೇ ವಸತಿಗೃಹಗಳೂ ಅವುಗಳ ಸ್ನಾನದ ಮನೆಗಳೂ ಬಂದ ಮೇಲೆ, ಚರಂಡಿಯಿಂದ ಒಸರಿದ ನೀರು ಗುಡ್ಡದ ಜೇಡಿಪದರಕ್ಕೆ ಇಳಿದು ಅಡಿಪಾಯವನ್ನೇ ಸಡಿಲಿಸಿತು. ಕೆಲವು ಬುರುಜುಗಳು ಕುಸಿದವು. ಕೋಟೆಯೊಳಗೆ ತಂಗುವುದು ಆಕರ್ಷಕವೆಂಬುದು ನಿಜ, ಕಿಟಕಿಯಿಂದ ಕಾಣುವ ಸೂರ್ಯಾಸ್ತವೂ ಚೆಂದವೇ ಇರುತ್ತದೆ. ಆದರೂ ನಾವು ಕೆಳಗಿನ ಊರಿನಲ್ಲಿ ಕೋಣೆ ಹಿಡಿದೆವು, ನೀವೂ ಹಾಗೆಯೇ ಮಾಡಿರೆಂದು ಕೇಳಿಕೊಳ್ಳುತ್ತೇನೆ. ಕೋಟೆ ನೋಡಲು ಚೆಂದ ಕಾಣುವುದೂ ಕೆಳಗಿನಿಂದಲೇ.

ಹವೇಲಿಗಳ, ಅಂದರೆ ಸಿರಿವಂತರ ಹಳೆಯ ದೊಡ್ಡ ಮನೆಗಳ ಬಗ್ಗೆ ಎಲ್ಲ ಕಡೆ ಸಾಕಷ್ಟು ಬರೆದಿರುವುದರಿಂದ ನಾನು ಹೆಚ್ಚು ಬರೆಯುವುದಿಲ್ಲ. ಪಟ್ವಾ ಮನೆತನದ ಐದು ಹವೇಲಿಗಳಲ್ಲಿ ಒಂದನ್ನಾದರೂ ಒಳಗೆ ಹೊಕ್ಕು ನೋಡಬೇಕು. ನಥಮಲ್ ಹವೇಲಿಯನ್ನು ಹೊರಗಿನಿಂದ ನೋಡಿದರೂ ಸಾಕು. ಅದರ ಎಡಬಲ ಭಾಗಗಳನ್ನು ಅಣ್ಣತಮ್ಮಂದಿರಿಬ್ಬರು ಬೇರೆ ಬೇರೆಯಾಗಿ ಕೆತ್ತಿದರೆಂದು ಹೇಳುತ್ತಾರೆ. ನೋಡಿದೊಡನೆ ಎರಡೂ ಒಂದೇ ಎನಿಸಿ, ಐದು ನಿಮಿಷ ನಿಂತರೆ ಒಂದು ಕಡೆಯ ಹೂಬಳ್ಳಿ ಇನ್ನೊಂದು ಕಡೆ ಇಲ್ಲವೆಂಬುದು ತಿಳಿಯುತ್ತದೆ.

ಗಡೀಸರ್ ಕೆರೆಗೆ ಮಾತ್ರ ನಿಧಾನವಾಗಿ ಹೋಗಿ. 14ನೇ ಶತಮಾನದಲ್ಲಿ ಮಹಾರಾವಲ್ ಗಡಸಿ ಸಿಂಗ್ ಕಟ್ಟಿಸಿದ ಈ ಕೆರೆಯೇ ಶತಮಾನಗಳ ಕಾಲ ಇಡೀ ಊರಿನ ಗಂಟಲು ತಣಿಸಿತು. ದಡಕ್ಕೆ ಹೋಗುವ ದಾರಿಯಲ್ಲಿ ತಿಲೋಂ ಎಂಬ ವೇಶ್ಯೆ ಕಟ್ಟಿಸಿದಳೆನ್ನುವ ಕಮಾನು ಬಾಗಿಲಿದೆ. ಆಕೆಯ ಬಾಗಿಲ ಕೆಳಗೆ ಹಾದು ಹೋಗುವುದು ತನ್ನ ಘನತೆಗೆ ಕುಂದೆಂದು ರಾಜ ಬೇಸರಿಸಿದಾಗ, ಆಕೆ ಅದರ ಮೇಲೆ ಕೃಷ್ಣನ ಗುಡಿ ಕಟ್ಟಿಸಿದ್ದರಿಂದ ಕೆಡವಲಾಗದೆ ಹೋಯಿತೆಂಬುದು ಅಲ್ಲಿನವರು ಹೇಳುವ ಕತೆ. ಕತೆ ನಿಜವೋ ಸುಳ್ಳೋ, ಊರಿಗೆಲ್ಲ ನೀರು ಬರುವ ದಾರಿಯಲ್ಲೇ ತನ್ನ ಹೆಸರು ನಿಲ್ಲಿಸಿದ ಹೆಣ್ಣಿನ ಜಾಣ್ಮೆಗೆ ಅವ್ವ ಬಹಳ ಹೊತ್ತು ತಲೆದೂಗಿದಳು. ಈಗ ಕೆರೆಯಲ್ಲಿ ದೋಣಿವಿಹಾರವಿದೆ, ಬ್ರೆಡ್ ತುಂಡಿಗೆ ಮುಗಿಬೀಳುವ ದಪ್ಪ ದಪ್ಪ ಮೀಸೆಮೀನುಗಳಿವೆ. ಕೆರೆ ಈಗ ಒಣಗುವುದಿಲ್ಲ, ಏಕೆಂದರೆ ಪಂಜಾಬಿನ ಹರಿಕೆ ಅಣೆಕಟ್ಟೆಯಿಂದ ನೂರಾರು ಕಿಲೋಮೀಟರ್ ಹರಿದು ಬರುವ ಇಂದಿರಾ ಗಾಂಧಿ ಕಾಲುವೆಯ ನೀರನ್ನು ಇದಕ್ಕೆ ಬಿಡುತ್ತಾರೆ.

ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದ ಕುಲಧರಾ ನಮ್ಮ ಪಟ್ಟಿಯಲ್ಲಿ ಅರ್ಧ ಗಂಟೆಯ ಜಾಗವಾಗಿತ್ತು. ಮೂರು ಗಂಟೆ ಅಲ್ಲೇ ಕಳೆದೆವು. ಪಾಲಿವಾಲ ಬ್ರಾಹ್ಮಣರ ಈ ಊರು 19ನೇ ಶತಮಾನದಲ್ಲಿ ಬರಿದಾಯಿತು. ದಿವಾನ ಸಲೀಂ ಸಿಂಗ್ ಊರಿನ ಹುಡುಗಿಯೊಬ್ಬಳ ಮೇಲೆ ಕಣ್ಣು ಹಾಕಿದನೆಂದು 84 ಹಳ್ಳಿಗಳ ಜನ ಒಂದೇ ರಾತ್ರಿಯಲ್ಲಿ ಶಾಪ ಹಾಕಿ ಹೊರಟುಹೋದರೆಂದು ಮಾರ್ಗದರ್ಶಿಗಳು ದನಿ ತಗ್ಗಿಸಿ ಹೇಳುತ್ತಾರೆ. ದೆವ್ವದ ಊರೆಂದು ಟಿಕೆಟ್ ಮಾರಾಟವಾಗುವುದೂ ಅದರಿಂದಲೇ. ದಿವಾನನ ಕರಭಾರ, ಬತ್ತುತ್ತ ಬಂದ ಬಾವಿಗಳು, ಭೂಕಂಪ ಎಂಬ ಕಾರಣಗಳನ್ನೂ ವಿದ್ವಾಂಸರು ಮುಂದಿಟ್ಟಿದ್ದಾರೆ. ನನಗೆ ದೆವ್ವಕ್ಕಿಂತ ಬಾವಿಯ ಕಾರಣವೇ ಹೆಚ್ಚು ನಂಬಲರ್ಹವೆನಿಸಿತು.

ಪಾಲಿವಾಲರು ಬಿಟ್ಟುಹೋದ ನಿಜವಾದ ಆಸ್ತಿ ಆ ಊರಿನ ಹೊರಗಿದೆ. ಹಿಂದಿರುಗುವಾಗ ಚಾಲಕ ಮುಖ್ಯರಸ್ತೆ ಬಿಟ್ಟು ಒಳದಾರಿಯಲ್ಲಿ ಕಾರು ನಿಲ್ಲಿಸಿ, "ಇಳಿಯಿರಿ ಹುಕುಂ, ಇದು ಖಡೀನ್" ಎಂದ. (ಹುಕುಂ ಎಂಬುದು ಅಲ್ಲಿ ಗೌರವದಿಂದ ಕರೆಯುವ ಮಾತು.) ಸುತ್ತಲೂ ಬೂದುಬಣ್ಣದ ಕಲ್ಲುನೆಲ. ನಡುವೆ ಉದ್ದನೆಯ ಮಣ್ಣಿನ ಏರಿ. ಅದರ ಒಳಬದಿಗೆ ಮೊಣಕಾಲೆತ್ತರದ ಹಸಿರು ಗೋಧಿ, ಕಡಲೆ. ಎತ್ತರದ ಕಲ್ಲುನೆಲದ ಮೇಲೆ ಬಿದ್ದ ಮಳೆನೀರೆಲ್ಲ ಹರಿದು ಬಂದು ಈ ಏರಿಗೆ ತಡೆದು ನಿಲ್ಲುತ್ತದೆ. ನಿಂತ ನೀರು ನೆಲಕ್ಕೆ ಇಂಗಿದ ಮೇಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸದೆಯೂ ಬೆಳೆ ಕೈಗೆ ಬರುತ್ತದೆ. ಅವ್ವ ಚಪ್ಪಲಿ ಬಿಟ್ಟು ಏರಿಯಿಂದಿಳಿದು, ಗೋಧಿಯ ಬುಡದಲ್ಲಿ ಬೆರಳಿನಿಂದ ಕೆದರಿ, ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟಳು. ಅದು ಉಂಡೆಯಾಗಿಯೇ ಉಳಿಯಿತು. "ಇನ್ನೂ ಹಸಿ ಐತಿ ನೋಡು. ನಮ್ಮ ಹೊಲದ ಒಡ್ಡು ಇದ್ದಂಗ ಐತಲ್ಲ ಇದು" ಎಂದಳು. ಹಿಂಗಾರಿಯಲ್ಲಿ ನಮ್ಮ ಎರೆ ಹೊಲದ ಬಿಳಿಜೋಳ ಬರುವುದೂ ಇದೇ ಹಸಿಯ ಮೇಲೆ. ಭಾಷೆ ಬಾರದ ಚಾಲಕನಿಗೂ ಆ ಮಣ್ಣಿನ ಉಂಡೆ ನೋಡಿ ಮಾತು ತಿಳಿಯಿತು. ಅವನೂ ಒಂದು ಹಿಡಿ ಅದುಮಿ ತೋರಿಸಿದ. ಇದನ್ನು ಯಾವ ಪ್ಯಾಕೇಜಿನಲ್ಲೂ ಸೇರಿಸಿರುವುದಿಲ್ಲ. ಚಾಲಕನನ್ನು ಕೇಳಿದರೆ ತೋರಿಸುತ್ತಾನೆ.

ಸಮ್ ಪಟ್ಟಣದಿಂದ 40 ಕಿ.ಮೀ. ಆಚೆಗಿದೆ. ಸಂಜೆ ಒಂಟೆ ಸವಾರಿ, ಜೀಪು ಓಟ, ರಾತ್ರಿ ಹಾಡು ಕುಣಿತ, ಊಟ, ಡೇರೆಯಲ್ಲಿ ನಿದ್ರೆ, ಇಷ್ಟಕ್ಕೂ ಒಂದೇ ಹಣ ಪಡೆಯುತ್ತಾರೆ. ನಾವು ಮೊದಲೇ ಹಣ ಕಟ್ಟಿದ್ದರೂ ಒಂಟೆಯ ಬಳಿ ಹೋದಾಗ ಬೇರೆ ಹಣ ಕೇಳಿದರು. ಆದ್ದರಿಂದ ಯಾವ್ಯಾವುದು ಸೇರಿದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು. ಜೀಪು ಓಟ ನನಗೆ ಹಿಡಿಸಲಿಲ್ಲ. ಒಂಟೆಯ ಮೇಲೆ ಹೋಗಿ, ಜನಜಂಗುಳಿಯಿಂದ ಒಂದು ದಿಬ್ಬ ಆಚೆ ಇಳಿದು ಕುಳಿತರೆ, ಗಾಳಿಗೆ ದಿಬ್ಬದ ನೆತ್ತಿಯಿಂದ ಮರಳು ಹೊಗೆಯಂತೆ ಎದ್ದು ಆಚೆ ಬದಿಗೆ ಜಾರುವುದನ್ನು ನೋಡಬಹುದು. ಒಂಟೆಯನ್ನು ರಾಜಸ್ಥಾನ 2014ರಲ್ಲಿ ರಾಜ್ಯಪ್ರಾಣಿಯೆಂದು ಘೋಷಿಸಿತು. ಆದರೂ 2019ರ ಜಾನುವಾರು ಗಣತಿಯ ಹೊತ್ತಿಗೆ ಇಡೀ ದೇಶದಲ್ಲಿ ಉಳಿದದ್ದು ಸುಮಾರು ಎರಡೂವರೆ ಲಕ್ಷ ಒಂಟೆಗಳು. ಗದ್ದಲ ಬೇಡವೆನ್ನುವವರು ಸಮ್ ಬಿಟ್ಟು ಖೂರಿಗೆ ಹೋಗುವುದು ಲೇಸು.

ರಾತ್ರಿಯ ಹಾಡಿನಲ್ಲಿ ಸಿನಿಮಾ ಗೀತೆಗಳೇ ಹೆಚ್ಚಿದ್ದವು. ಆದರೆ ಜನ ಊಟಕ್ಕೆ ಎದ್ದ ಮೇಲೆ, ಬೆಂಕಿಯ ಪಕ್ಕದಲ್ಲಿ ಹಿರಿಯ ಮಾಂಗಣಿಯಾರ್ ಒಬ್ಬರು ತಮಗಾಗಿ ಎಂಬಂತೆ ಕಮಾಯಚಾ ಎತ್ತಿಕೊಂಡು ಬಿಲ್ಲು ಎಳೆದರು. ಅಗಲವಾದ ದುಂಡು ಬುರುಡೆಗೆ ಚರ್ಮ ಬಿಗಿದ ಆ ವಾದ್ಯದಿಂದ, ಗಂಟಲು ಕಟ್ಟಿದವರು ಹಾಡಿದಂತಹ ದಪ್ಪ ದನಿ ಬರುತ್ತದೆ. ಮಾಂಗಣಿಯಾರರು ಮುಸಲ್ಮಾನರು, ತಲೆಮಾರುಗಳಿಂದ ರಜಪೂತ ಯಜಮಾನರ ಮನೆಗಳಲ್ಲಿ ಹುಟ್ಟು, ಮದುವೆಗಳಿಗೆ ಹಾಡುತ್ತ ಬಂದವರು. ಇದೇ ಜಿಲ್ಲೆಯ ಹಮೀರಾ ಗ್ರಾಮದ ಕಮಾಯಚಾ ವಾದಕ ಸಾಕರ್ ಖಾನ್ ಅವರಿಗೆ 2012ರಲ್ಲಿ ಪದ್ಮಶ್ರೀ ಬಂದಿತ್ತು. ಮಳೆಯ ಹಾಡೊಂದನ್ನು ಹಾಡಿರೆಂದು ನಾನು ಕೇಳಿದಾಗ, ಮಳೆಯದು ಒಂದೇ ಏಕೆ, ನಮ್ಮಲ್ಲಿ ಅರ್ಧಕ್ಕರ್ಧ ಹಾಡು ಅದರದೇ ಎಂದು ಅವರು ನಕ್ಕರು.

ಊಟದಲ್ಲಿ ಸಜ್ಜೆ ರೊಟ್ಟಿಯಿತ್ತು, ಅವ್ವನಿಗೆ ಸಮಾಧಾನವಾಯಿತು. ಎಳ್ಳು ಹಚ್ಚಿಲ್ಲವೆಂಬುದಷ್ಟೇ ಅವಳ ತಕರಾರು. ಕೇರ್ ಸಾಂಗ್ರಿ ಪಲ್ಯದ ವಿಷಯದಲ್ಲಿ ಮಾತ್ರ ಅವಳ ಕೈ ತಡೆಯಿತು. ಸಾಂಗ್ರಿಯೆಂದರೆ ಖೇಜಡಿ ಮರದ ಎಳೆಯ ಕಾಯಿ. ಖೇಜಡಿಯೆಂದರೆ ನಮ್ಮ ಬನ್ನಿ ಮರ. ದಸರೆಯಲ್ಲಿ ಪೂಜಿಸಿ, ಎಲೆ ಹಂಚಿ "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುವ ಮರದ ಕಾಯನ್ನು ಒಗ್ಗರಣೆ ಹಾಕಿ ತಿನ್ನುವುದು ಹೇಗೆ ಎಂಬುದು ಅವಳ ಚಿಂತೆ. ಬರಗಾಲದಲ್ಲಿ ಬೇರೇನೂ ಬೆಳೆಯದಿದ್ದಾಗಲೂ ಈ ಮರ ಕಾಯಿ ಬಿಟ್ಟು ಜನರನ್ನೂ ಜಾನುವಾರುಗಳನ್ನೂ ಉಳಿಸುತ್ತದೆಂದು ಬಡಿಸುವವನು ವಿವರಿಸಿದ ಮೇಲೆ, ಮೊದಲು ಕಣ್ಣಿಗೊತ್ತಿಕೊಂಡು ಆಮೇಲೆ ತಿಂದಳು. ಎರಡನೆಯ ಸಲವೂ ಹಾಕಿಸಿಕೊಂಡಳು.

ಸಮ್ ಪಕ್ಕದಲ್ಲೇ 3,162 ಚದರ ಕಿ.ಮೀ. ವಿಸ್ತಾರದ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ. ಬಂದವರಲ್ಲಿ ಹೆಚ್ಚಿನವರು ಅದರ ಫಲಕ ನೋಡಿ ಮುಂದೆ ಹೋಗುತ್ತಾರೆ. ನಾನು ಅಲ್ಲಿಗೆ ಹೋದದ್ದು ಗೋಡಾವಣ್ ಹಕ್ಕಿಗಾಗಿ, ಅಂದರೆ ನಮ್ಮ ಎರೆಭೂತಕ್ಕಾಗಿ. ಗಂಡುಹಕ್ಕಿ ಮೀಟರ್ ಎತ್ತರವಿದ್ದು 15 ಕಿಲೋವರೆಗೂ ತೂಗುವ ಇದು ಹುಲ್ಲುಬಯಲಿನ ಹಕ್ಕಿ. ಸಿರುಗುಪ್ಪದ ಕಡೆಯ ಹೊಲಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಇದು ಈಗ ನಮ್ಮಲ್ಲಿ ಬೆರಳೆಣಿಕೆಗೆ ಇಳಿದಿದೆ. ಇಡೀ ಜಗತ್ತಿನಲ್ಲಿ ಉಳಿದಿರುವುದರಲ್ಲಿ ಬಹುಪಾಲು ಜೈಸಲ್ಮೇರ್ ಜಿಲ್ಲೆಯಲ್ಲೇ ಇದೆ. ಇದಕ್ಕೆ ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ತಂತಿಗಳನ್ನು ಸಾಧ್ಯವಿರುವೆಡೆ ನೆಲದಡಿಗೆ ಹಾಕಬೇಕೆಂದು 2021ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟ್, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ನಮಗೆ ಕಂಡದ್ದು ಒಂದೇ: ದೂರದ ಹುಲ್ಲಿನ ನಡುವೆ ಬಿಳಿಯ ಕತ್ತು, ತಲೆಯ ಮೇಲೆ ಕಪ್ಪು ಟೋಪಿ. ದುರ್ಬೀನನ್ನು ಅವ್ವನ ಕೈಗೆ ಕೊಡುವಷ್ಟರಲ್ಲಿ ಅದು ತಗ್ಗಿಗೆ ಇಳಿದು ಮರೆಯಾಯಿತು. ಸಣ್ಣವಳಿದ್ದಾಗ ಜೋಳದ ಹೊಲದಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ, ನೀನು ನೋಡಿದೆಯಲ್ಲ ಸಾಕು ಎಂದಳು.

1971ರ ಯುದ್ಧದ ನೆನಪಿನ ಲೊಂಗೇವಾಲಾಕ್ಕೂ ಗಡಿಯ ಸಮೀಪದ ತನೋಟ್ ಮಾತೆಯ ಗುಡಿಗೂ ಒಂದು ಪೂರ್ತಿ ದಿನ ಬೇಕು. ಅವ್ವನ ಮೊಣಕಾಲು ಅಷ್ಟು ದೂರದ ಕಾರು ಪ್ರಯಾಣಕ್ಕೆ ಒಪ್ಪಲಿಲ್ಲ. ಅದರ ಬದಲು ಬಡಾ ಬಾಗ್‌ನ ಛತ್ರಿಗಳನ್ನು, ಅಂದರೆ ಅರಸರ ಸಮಾಧಿ ಮಂಟಪಗಳನ್ನು ನೋಡಿದೆವು. ಬಡಾ ಬಾಗ್ ಎಂದರೆ ದೊಡ್ಡ ತೋಟ. ಅಣೆಕಟ್ಟೆ ಕಟ್ಟಿ, ಅದರ ಕೆಳಗೆ ತೋಟ ಬೆಳೆಸಿದ್ದ ಜಾಗವಾದ್ದರಿಂದ ಆ ಹೆಸರು. ಮಂಟಪಗಳ ಹಿಂದೆ ಈಗ ಗಾಳಿಯಂತ್ರಗಳ ಸಾಲು ಸುತ್ತುತ್ತಿರುತ್ತದೆ.

ಕೊನೆಯ ಮಧ್ಯಾಹ್ನ ಬಾಡಮೇರ್ ರಸ್ತೆಯಲ್ಲಿ 17 ಕಿ.ಮೀ. ದೂರದ ಆಕಲ್ ಪಳೆಯುಳಿಕೆ ಉದ್ಯಾನಕ್ಕೆ ಹೋದಾಗ, ನಾವಿಬ್ಬರು ಮತ್ತು ಕಾವಲುಗಾರನನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಸುಮಾರು 18 ಕೋಟಿ ವರ್ಷಗಳ ಹಿಂದೆ ಇಲ್ಲಿ ದಟ್ಟವಾದ ಕಾಡಿತ್ತು, ಬೆಚ್ಚಗಿನ ತೇವದ ಹವೆಯಿತ್ತು. ಆ ಕಾಡಿನ ಮರದ ದಿಮ್ಮಿಗಳು ಕಲ್ಲಾಗಿ ಬೋಳುಗುಡ್ಡದ ಮೇಲೆ ಕಬ್ಬಿಣದ ಜಾಲರಿಗಳೊಳಗೆ ಮಲಗಿವೆ. ತೊಗಟೆಯ ಗೆರೆಗಳೂ ಸ್ಪಷ್ಟವಾಗಿ ಕಾಣುತ್ತವೆ. ಅವ್ವ ಜಾಲರಿಯ ಸಂದಿನಲ್ಲಿ ಬಗ್ಗಿ ನೋಡಿ, ಯಾವ ಗಿಡವೆಂದು ಕೇಳಿದಳು. ಆಗಿನ್ನೂ ಹೂ ಬಿಡುವ ಗಿಡಗಳೇ ಹುಟ್ಟಿರಲಿಲ್ಲ ಎಂದೆ. "ಹಂಗಾರ ಬನ್ನಿ ಅಲ್ಲ" ಎಂದು ನಿಶ್ಚಿಂತಳಾದಳು. ಅವಳ ಚೀಲದಲ್ಲಿ ಪೇಟೆಯಿಂದ ಕೊಂಡ ಕಾಲು ಕಿಲೋ ಒಣಸಾಂಗ್ರಿ ಇತ್ತು. ದಸರೆಗೆ ಮುಂಚೆಯೇ ಅದನ್ನು ಮುಗಿಸಬೇಕೆಂದು ರೈಲಿನಲ್ಲಿ ಕರಾರು ಹಾಕಿದಳು.