ಬುಧವಾರ ಮೂರು ಗಂಟೆಯ ಕೂಟ

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟದ ಹಾಜರಿ ಪುಸ್ತಕ ಈಗ ನಮ್ಮ ಮನೆಯ ಕಪಾಟಿನಲ್ಲಿ ಉಂಟು. ಕೆಂಪು ರಟ್ಟಿನ ಉದ್ದ ಪುಸ್ತಕ, ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು. 2019ರ ಜೂನ್‌ನಲ್ಲಿ ನಾನು ಸಹಕಾರಿ ಬ್ಯಾಂಕಿನ ಕೆಲಸದಿಂದ ನಿವೃತ್ತಳಾದೆ, ಜುಲೈಯಲ್ಲಿ ನನ್ನನ್ನು ಕಾರ್ಯದರ್ಶಿ ಮಾಡಿ ಪುಸ್ತಕ ಕೈಗೆ ಕೊಟ್ಟರು. "ಇನ್ನು ನಿಮಗೆ ಪುರುಸೊತ್ತು ಉಂಟಲ್ಲ" ಎಂದರು. ಮನೆಗೆ ತಂದು ತೆರೆದು ನೋಡಿದೆ. ಬುಧವಾರ, 3 ಗಂಟೆ, ಹಾಜರಿ 7. ಬುಧವಾರ, 3 ಗಂಟೆ, ಹಾಜರಿ 6. ಜೋರು ಮಳೆ, ಕೂಟ ಇಲ್ಲ. ಹಾಜರಿ 7.

ಸಭೆಯ ಪಟ್ಟಿಯಲ್ಲಿ ಹೆಂಗಸರು 90ಕ್ಕೆ ಮೇಲೆ ಇದ್ದರು. ಬರುವ ಏಳು ಜನರಲ್ಲಿ 65ಕ್ಕಿಂತ ಕೆಳಗಿನವರು ಅಮ್ಮನವರು ಒಬ್ಬರೇ, ಅವರು ಅಯ್ಯನವರ, ಅಂದರೆ ಸಭೆಯ ಪಾದ್ರಿಯ, ಹೆಂಡತಿಯಾದ ಕಾರಣ ಬರಲೇಬೇಕು. ಇತರರನ್ನು ದೂರುವ ಬಾಯಿ ನನಗಿಲ್ಲ. ಕೆಲಸದಲ್ಲಿದ್ದ ಅಷ್ಟೂ ವರ್ಷ ನಾನೂ ಆ ಕೂಟದ ಬಾಗಿಲು ನೋಡಿದವಳಲ್ಲ. ಬುಧವಾರ ಮೂರು ಗಂಟೆಗೆ ನಾನು ಕೌಂಟರಿನಲ್ಲಿ ಕೂತು ಚಲನ್‌ಗೆ ಸೀಲು ಹೊಡೆಯುತ್ತಿದ್ದೆ. ಭಾನುವಾರ ಆರಾಧನೆಯ ಪ್ರಕಟಣೆಯಲ್ಲಿ "ಸಹೋದರಿಯರು ಹೆಚ್ಚಿನ ಆಸಕ್ತಿ ವಹಿಸಿ ಬರಬೇಕು" ಎಂದು ಓದುವಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ರಜೆ ಕೊಡುವವರು ಮ್ಯಾನೇಜರು, ನನ್ನ ಆಸಕ್ತಿ ತೆಗೆದುಕೊಂಡು ಎಂತ ಮಾಡುವುದು?

ಮೊನ್ನೆ ಒಬ್ಬರು ಬೇರೆ ಸಭೆಯವರು ಫೋನ್ ಮಾಡಿ, "ನಿಮ್ಮಲ್ಲಿ ಕೂಟ ಚೆನ್ನಾಗಿ ನಡೀತದಂತೆ, ಸ್ವಲ್ಪ ಐಡಿಯಾ ಕೊಡಿ" ಎಂದು ಕೇಳಿದರು. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಮಂಗಳೂರಿನಿಂದ ಭಾಷಣಕ್ಕೆ ಜನ ಕರೆಸಿದೆ. ಅವರು ಬಂದ ದಿನ ಹಾಜರಿ 19, ಮರುವಾರ ಪುನಃ 7. ಕಾಗದದ ಹೂವಿನ ಕ್ಲಾಸು ಮಾಡಿದೆ, ಆ ಹೂವುಗಳು ಈಗಲೂ ಇಗರ್ಜಿಯ ಪಕ್ಕದ ಕೋಣೆ ವೆಸ್ಟ್ರಿಯ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಎಲ್ಲಕ್ಕಿಂತ ಕೆಟ್ಟದ್ದು ಬೈಬಲ್ ಕ್ವಿಜ್. ಎರಡು ತಂಡ ಮಾಡಿ, ಪ್ರಶ್ನೆಯ ಚೀಟಿಯನ್ನು ಅವರವರೇ ಓದಿ ಉತ್ತರ ಹೇಳಬೇಕು ಎಂದೆ. ನನ್ನ ಎದುರಿಗೆ ಕೂತ ಒಬ್ಬರು ಅಜ್ಜಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕನ್ನಡಕ ತರಲಿಲ್ಲ ಮಗಾ" ಎಂದರು. ಕನ್ನಡಕ ಅವರ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. 60 ವರ್ಷದಿಂದ ಭಾನುವಾರ ಭಾನುವಾರ ಸಂಗೀತ ಪುಸ್ತಕ ತೆರೆದು ಹಿಡಿದು ಹಾಡುವವರು ಅವರು. ಹಾಡೆಲ್ಲ ಬಾಯಿಪಾಠ. ಅಕ್ಷರ ಬರುವುದಿಲ್ಲ ಎಂದು ಪಕ್ಕದ ಬೆಂಚಿನಲ್ಲಿ ಇಷ್ಟು ವರ್ಷ ಕೂತ ನನಗೆ ಗೊತ್ತಿರಲಿಲ್ಲ. ಆಮೇಲೆ ಮೂರು ವಾರ ಅವರು ಬರಲಿಲ್ಲ.

ಅಮ್ಮನವರೇ ಒಂದು ದಿನ ಹೇಳಿದ್ದು: "ಅಕ್ಕ, ಬಾರದವರ ಮನೆಗೆ ಹೋಗುವ. ಪ್ರಾರ್ಥನೆಗೆ ಅಂತ ಅಲ್ಲ, ಸುಮ್ಮನೆ."

ಹಾಗೆ ಹೋದ ಮನೆಗಳಲ್ಲಿ ಒಂದರದ್ದು ಹೇಳುತ್ತೇನೆ. ರಸ್ತೆಯಿಂದ ಕೆಳಗೆ, ತೋಡು ದಾಟಿ ಹೋಗಬೇಕು. ಜಗಲಿಯಲ್ಲಿ ಮೂವರು: ಅತ್ತೆ, ಸೊಸೆ, ಪಕ್ಕದ ಮನೆಯ ಒಬ್ಬಳು ಅಕ್ಕ. ಮೂವರ ಮಡಿಲಲ್ಲೂ ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪು ಇಟ್ಟು ಸುರುಳಿ ಸುತ್ತುವುದು, ತಲೆ ಮಡಚುವುದು, ನೂಲು ಕಟ್ಟುವುದು. ನಮ್ಮ ಹತ್ತಿರ ಮಾತಾಡುತ್ತಲೇ ಕೈ ನಡೆಯುತ್ತಿತ್ತು. ಏಳಲು ಹೋದವರನ್ನು ನಾವು ಕೂರಿಸಿದೆವು. ಬುಧವಾರ ಯಾಕೆ ಬರುವುದಿಲ್ಲ ಎಂದು ಕೇಳಿದೆ. ಅತ್ತೆ ನಕ್ಕರು. "ಸಂಜೆಗೆ ಬೀಡಿ ಬ್ರಾಂಚಿಗೆ ಹೋಗಿ ಲೆಕ್ಕ ಕೊಡಬೇಕು. ಮೂರು ಗಂಟೆ ಅಂದ್ರೆ ನಮಗೆ ಉಸಿರು ಬಿಡ್ಲಿಕ್ಕಿಲ್ಲ. ಬ್ಯಾಂಕಕ್ಕನಿಗೆ ಗೊತ್ತಿಲ್ವಾ, ಕ್ಲೋಸಿಂಗ್ ಟೈಮ್!"

ನಮ್ಮ ಸಭೆಯಲ್ಲಿ ಬೀಡಿ ಕಟ್ಟುವವರು, ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು, ನರ್ಸುಗಳು, ಟೀಚರುಗಳು ಸೇರಿದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಇದು ಹೊಸತೂ ಅಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್‌ನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು ಆಮೇಲೆ ನೇಯ್ಗೆಯ, ಹಂಚಿನ ಕಾರ್ಖಾನೆ ಹಾಕಿದ ಕಾಲದಿಂದ ನಮ್ಮ ಹೆಂಗಸರು ಕೂಲಿಗೆ ಹೋದವರೇ. ನನ್ನ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಹಾಗಾದರೆ ಈ ಬುಧವಾರ ಮೂರು ಗಂಟೆ ಯಾರ ಸಮಯ? ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದ ಯಾರೋ ದೊರೆಸಾನಿಯದ್ದು ಇರಬೇಕು ಎಂದು ನನ್ನ ಗುಮಾನಿ.

ಸಮಯ ಬದಲಿಸುವುದೆಂದರೆ ಸಣ್ಣ ಸಂಗತಿಯಲ್ಲ ಮಾರಾಯ್ರೆ. ಬುಧವಾರದ ಏಳು ಜನಕ್ಕೆ ಅದು ವಾರದಲ್ಲಿ ಮನೆಯಿಂದ ಹೊರಬೀಳುವ ಒಂದೇ ದಿನ. ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ. ಬುಧವಾರವನ್ನು ಹಾಗೇ ಬಿಟ್ಟು, ಬೀಡಿ ಕಟ್ಟುವವರ ಜಗಲಿಯಲ್ಲಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕೂಟ, ಕೆಲಸಕ್ಕೆ ಹೋಗುವವರಿಗೆ ಎರಡನೇ ಶನಿವಾರ ಸಂಜೆ ಒಂದು ಎಂದು ಮಾಡಿದೆವು. ಮೂರಕ್ಕೂ ಪಾಠ ಒಂದೇ. ಕಮಿಟಿಯಲ್ಲಿ ಒಬ್ಬರು, "ಪ್ರಾರ್ಥನೆ ಆಗುವಾಗ ಬೀಡಿ ಕಟ್ಟುವುದಾ? ಅದೂ ಹೊಗೆಸೊಪ್ಪು?" ಎಂದು ಎತ್ತಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಗೆಸೊಪ್ಪು ಒಳ್ಳೆಯದು ಎಂದು ನಾನೂ ಹೇಳುವವಳಲ್ಲ. ಅಮ್ಮನವರು ಮುಂದಿನ ಗುರುವಾರ ಜಗಲಿಯಲ್ಲಿ ಕೂತು ಕತ್ತರಿ ತೆಗೆದುಕೊಂಡು ಎಲೆ ಕತ್ತರಿಸಲು ಶುರುಮಾಡಿದರು. ಅರ್ಧಕ್ಕರ್ಧ ಎಲೆ ಹಾಳು ಮಾಡಿದರು, ಅದು ಬೇರೆ. ಸುದ್ದಿ ಕಮಿಟಿಗೆ ತಲುಪಿತು, ಮತ್ತೆ ಯಾರೂ ಕೇಳಲಿಲ್ಲ. ಈಗ ಕ್ರಮ ಹೇಗೆಂದರೆ, ಹಾಡುವಾಗ, ವೇದ ಓದುವಾಗ ಕೈ ಓಡಬಹುದು. ಪ್ರಾರ್ಥನೆಗೆ ಮಾತ್ರ ತಡ್ಪೆ ಕೆಳಗೆ.

ಇನ್ನು ಓದುವ ವಿಷಯ. ನಮಗೆ ಆರಾಧನೆಯ ಭಾಷೆ ಕನ್ನಡ, ಮನೆಯಲ್ಲಿ ತುಳು. ಸತ್ಯವೇದದ ಕನ್ನಡ ಕಿವಿಗೆ ಚೆಂದ, ಆದರೆ ಎಷ್ಟೋ ಮಾತು ತಲೆಯ ಮೇಲಿನಿಂದಲೇ ಹೋಗುತ್ತದೆ. ಕ್ವಿಜ್‌ನ ಪಾಪ ತೊಳೆಯಲಿಕ್ಕೆ ನಾವು ಬೇರೆ ದಾರಿ ಹಿಡಿದೆವು: ಒಬ್ಬರು ಅಧ್ಯಾಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅದನ್ನೇ ತುಳುವಿನಲ್ಲಿ ಕತೆ ಹೇಳುವುದು, ಆಮೇಲೆ ಎಲ್ಲರೂ ಮಾತಾಡುವುದು. ರೂತಳ ಪುಸ್ತಕದಿಂದ ಶುರು. ನಾಲ್ಕೇ ಅಧ್ಯಾಯ, ನಾಲ್ಕು ವಾರ. ಅದೂ ಅತ್ತೆ ನೊವೊಮಿ, ಸೊಸೆ ರೂತಳ ಕತೆ. ನೊವೊಮಿ ಊರಿಗೆ ವಾಪಸು ಬಂದು, ನನ್ನನ್ನು ಆ ಹೆಸರಿನಿಂದ ಕರೆಯಬೇಡಿ, ಕಹಿಯಾದವಳು ಅನ್ನಿ ಎನ್ನುವ ಜಾಗಕ್ಕೆ ಬಂದಾಗ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ.

ಎರಡನೇ ವಾರ ಕತೆ ಹೇಳುವ ಸರದಿ ನನ್ನದು. ರೂತಳು ಹೊಲಕ್ಕೆ ಹೋಗುವ ಕಡೆ "ಹಕ್ಕಲಾಯುವುದು" ಎಂಬ ಶಬ್ದ ಬಂತು. ನರ್ಸಿಂಗ್ ಓದುವ ಹುಡುಗಿಗೆ ಅರ್ಥವಾಗಲಿಲ್ಲ. ಕನ್ನಡಕದ ಅಜ್ಜಿ, ಹೌದು, ಅವರು ಪುನಃ ಬರಲು ಶುರುಮಾಡಿದ್ದರು, ವಿವರಿಸಿದರು: ಏಣಿಲು, ಅಂದರೆ ಮಳೆಗಾಲದ ಬೆಳೆಯ, ಕೊಯ್ಲು ಮುಗಿದ ಗದ್ದೆಯಲ್ಲಿ ಬಿದ್ದ ತೆನೆ ಹೆಕ್ಕುವುದು. ಅವರು ಹುಡುಗಿಯಾಗಿದ್ದಾಗ ಹೆಕ್ಕಿದವರು. ಧಣಿಯ ಮನೆಯವರು ನೋಡಿದರೆ ಬೈಗುಳ. "ರೂತಳಿಗೆ ಎಷ್ಟು ಸಿಕ್ಕಿತು?" ಎಂದು ಕೇಳಿದರು. ಸಂಜೆ ಬಡಿದು ನೋಡಿದರೆ ಒಂದು ಏಫಾ ಜವೆಗೋದಿ, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲೀಟರಿಗೂ ಮೇಲೆ ಎಂದೆ. ಅಜ್ಜಿ ತಲೆ ಅಲ್ಲಾಡಿಸಿದರು. "ಸುಳ್ಳು. ಒಂದು ದಿನಕ್ಕೆ ಒಬ್ಬಳಿಗೆ ಅಷ್ಟು ಸಿಗುವುದಿಲ್ಲ. ಧಣಿ ಬೇಕೆಂದೇ ತೆನೆ ಬೀಳಿಸಲಿಕ್ಕೆ ಹೇಳಿರಬೇಕು."

ನಾನು ಪುಸ್ತಕ ತೆರೆದೆ. ಎರಡನೇ ಅಧ್ಯಾಯ, ಹದಿನಾರನೇ ವಚನ. ಹೊಲದ ಧಣಿ ಬೋವಜ ಆಳುಗಳಿಗೆ ಹೇಳುವುದು ಅದನ್ನೇ: ಸಿವುಡಿನಿಂದ, ಅಂದರೆ ತೆನೆಯ ಕಟ್ಟಿನಿಂದ, ತೆನೆ ಎಳೆದು ಅವಳಿಗಾಗಿ ಬಿಡಿ, ಗದರಿಸಬೇಡಿ. ಕತೆ ಹೇಳುವ ಅವಸರದಲ್ಲಿ ನಾನು ಆ ವಚನ ಬಿಟ್ಟಿದ್ದೆ. ಅಕ್ಷರ ಬಾರದ ಅಜ್ಜಿ ಅದನ್ನು ಗದ್ದೆಯ ಲೆಕ್ಕದಿಂದ ಹಿಡಿದು ತೆಗೆದರು. ಆ ದಿನದಿಂದ ಗುರುವಾರದ ಕೂಟದಲ್ಲಿ ಅವರು ಮಾತಾಡದೆ ಯಾವ ಅಧ್ಯಾಯವೂ ಮುಗಿದದ್ದಿಲ್ಲ. ಕೆಲವೊಮ್ಮೆ ಮುಗಿಯುವುದೇ ಇಲ್ಲ, ಅದು ಇನ್ನೊಂದು ಕಷ್ಟ.

ತಿಂಡಿಯ ವಿಷಯಕ್ಕೆ ನಾನು ಸ್ವಲ್ಪ ಕಠಿಣ. ಶನಿವಾರದ ಕೂಟ ಮನೆಮನೆಯಲ್ಲಿ ಶುರುವಾದ ಮೇಲೆ ಒಬ್ಬರು ಚಾ, ಬಿಸ್ಕೆಟ್ ಕೊಟ್ಟರು. ಮುಂದಿನವರು ಗೋಳಿಬಜೆ, ಕೇಕು. ಅದರ ಮುಂದಿನವರು ಮೂಡೆ, ಕೋಳಿ ಸಾರು. ನಾಲ್ಕನೇ ಮನೆಯವಳು, "ನಮ್ಮಲ್ಲಿ ಈಗ ಬೇಡ ಅಕ್ಕ, ಮನೆಗೆ ಸುಣ್ಣ ಹೊಡೆಯಲಿಕ್ಕುಂಟು" ಎಂದಳು. ಸುಣ್ಣವೂ ಇಲ್ಲ ಎಂತದ್ದೂ ಇಲ್ಲ. ಆಮೇಲೆ ನಿಯಮ ಮಾಡಿದೆವು: ಚಾ ಮತ್ತು ಒಂದೇ ತಿಂಡಿ, ಮೀರಿದರೆ 50 ರೂಪಾಯಿ ದಂಡ, ಅದು ಕಾಣಿಕೆ ಡಬ್ಬಿಗೆ. ಇಡ್ಲಿ, ಚಟ್ನಿ, ಸಾಂಬಾರು ಸೇರಿ ಒಂದಾ ಮೂರಾ ಎಂದು ಅರ್ಧ ಗಂಟೆ ವಾದವಾದದ್ದೂ ಉಂಟು. ಇನ್ನೊಬ್ಬರು ನಗುತ್ತಾ 50 ರೂಪಾಯಿ ಮೊದಲೇ ಮೇಜಿನ ಮೇಲಿಟ್ಟು ಬಿರಿಯಾನಿ ಬಡಿಸಿದರು. ಅಂಥವರಿಗೆ ನಿಯಮ ಎಂತ ಮಾಡುತ್ತದೆ?

ಹಿಡಿ ಅಕ್ಕಿ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಬೀಡಿ ಬ್ರಾಂಚ್ ಮುಚ್ಚಿತು, ಮಜೂರಿ ನಿಂತಿತು. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ಹೆಂಗಸರು ಪ್ರತಿ ಊಟಕ್ಕೆ ಅನ್ನ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತಾರೆ ಎಂದು ನಾನು ಓದಿದ್ದೆ. ನಾವೂ ಮನೆಗೊಂದು ಡಬ್ಬಿ ಇಟ್ಟೆವು. ತಿಂಗಳ ಕೊನೆಗೆ ಒಟ್ಟು ಮಾಡಿದಾಗ ಗೊತ್ತಾಯಿತು: ಅರ್ಧ ಕುಚ್ಚಲಕ್ಕಿ, ಅರ್ಧ ಬೆಳ್ತಿಗೆ ಅಂದರೆ ಬಿಳಿ ಅಕ್ಕಿ, ಎಲ್ಲ ಒಂದೇ ಗೋಣಿಯಲ್ಲಿ ಕಲಸಿಹೋಗಿತ್ತು. ಬೆಳ್ತಿಗೆ ಗಂಜಿಯಾಗುವ ಹೊತ್ತಿಗೆ ಕುಚ್ಚಲಕ್ಕಿ ಅರ್ಧವೂ ಬೆಂದಿರುವುದಿಲ್ಲ. ನೀವು ಮಾಡುವುದಿದ್ದರೆ ಮೊದಲೇ ಹೇಳಿ, ಕುಚ್ಚಲಕ್ಕಿ ಮಾತ್ರ. ಅಕ್ಕಿ ಯಾರಿಗೆ ಹೋಗುತ್ತದೆ ಎಂದು ಮೂವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಭಾನುವಾರ ಎಲ್ಲರೆದುರು ಕರೆದು ಕೊಡುವ, ಫೋಟೋ ತೆಗೆಯುವ ಕ್ರಮ ಬೇಡ ಎಂದು ನಾನು ಹಟ ಹಿಡಿದೆ.

ದುಡ್ಡಿನ ಲೆಕ್ಕದಲ್ಲಿ ಒಮ್ಮೆ ಜಗಳವೂ ಆಯಿತು. ಬೆಳೆ ಹಬ್ಬದ ಏಲಂನಲ್ಲಿ ನಮ್ಮ ಉಪ್ಪಿನಕಾಯಿ, ಹಪ್ಪಳ ಹೋದ ಹಣವನ್ನು ಕಂಪೌಂಡ್ ಗೋಡೆಗೆ ಬಣ್ಣ ಹೊಡೆಯಲಿಕ್ಕೆ ಕೊಡಿ ಎಂದು ಗಂಡಸರು ಕೇಳಿದರು. ಬ್ಯಾಂಕಿನಲ್ಲಿ ಇದ್ದದ್ದು ಅಲ್ಲಿ ಉಪಯೋಗಕ್ಕೆ ಬಂತು. ಆ ವಾರವೇ ಕೂಟಕ್ಕೆ ಬೇರೆ ಖಾತೆ, ಇಬ್ಬರ ಸಹಿ. ಗೋಡೆ ಈಗಲೂ ಹಾಗೇ ಉಂಟು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಸ್ಪತ್ರೆಯ ಪಾಳಿ. ಇದಕ್ಕೆ ಕಾರ್ಯಕ್ರಮ, ಬ್ಯಾನರ್, ಮೈಕ್ ಎಂತದ್ದೂ ಬೇಡ. ನಮ್ಮವರು ಯಾರಾದರೂ ಅಡ್ಮಿಟ್ ಆದರೆ ರಾತ್ರಿ ಜೊತೆಗೆ ಕೂರಲಿಕ್ಕೆ ಜನ ಬೇಕು. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುತ್ತಾರೆ. ಉಡುಪಿಯ ಮಿಶನ್ ಆಸ್ಪತ್ರೆಯನ್ನು 1923ರಲ್ಲಿ ತೆರೆದದ್ದು ಸ್ವಿಟ್ಜರ್‌ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್, ಒಬ್ಬ ಹೆಂಗಸು. ಅಷ್ಟು ದೂರದಿಂದ ಬಂದವರ ಹೆಸರು ಹೇಳಿ ಹೆಮ್ಮೆಪಡುವ ನಾವು ಒಂದು ರಾತ್ರಿ ಬೆಂಚಿನಲ್ಲಿ ಕೂರಬಾರದಾ ಎಂದು ಒಮ್ಮೆ ಬಾಯಿಬಿಟ್ಟು ಕೇಳಿಬಿಟ್ಟೆ. 14 ಜನ ಹೆಸರು ಕೊಟ್ಟರು. ಒಬ್ಬರಿಗೆ ಎರಡು ರಾತ್ರಿಗಿಂತ ಹೆಚ್ಚು ಇಲ್ಲ. ಹೋಗುವಾಗ ಫ್ಲಾಸ್ಕ್, ಚಾದರ, ಫೋನಿನ ಚಾರ್ಜರ್. ಕೂಟದ ಬಾಗಿಲಿಗೇ ಬಾರದ ಇಬ್ಬರು ಈ ಪಾಳಿಗೆ ಮಾತ್ರ ತಪ್ಪದೆ ಬರುತ್ತಾರೆ. ಅವರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆಯುತ್ತೇನೆ.

ಮಾರ್ಚ್ ಮೊದಲ ಶುಕ್ರವಾರದ ಲೋಕ ಪ್ರಾರ್ಥನಾ ದಿನವನ್ನು ಬಿಡಬೇಡಿ. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಬರೆದ ಆರಾಧನಾ ಕ್ರಮ ಬರುತ್ತದೆ. 2024ರದ್ದು ಪ್ಯಾಲೆಸ್ಟೀನಿನವರದ್ದು, 2025ರದ್ದು ಕುಕ್ ದ್ವೀಪಗಳವರದ್ದು. ಕುಕ್ ದ್ವೀಪ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಸಂಡೇ ಸ್ಕೂಲಿನ ಗ್ಲೋಬಿನಲ್ಲಿ ಹುಡುಕಿದರೆ ಪೆಸಿಫಿಕ್ ಸಮುದ್ರದ ಮಧ್ಯೆ ನಾಲ್ಕು ಚುಕ್ಕೆ. ಮೊಬೈಲಿನಲ್ಲಿ ಫೋಟೋ ತೋರಿಸಿದೆ: ತೆಂಗಿನ ಮರ, ಮಡಲು ಹೆಣೆಯುವ ಹೆಂಗಸರು. "ಇದು ನಮ್ಮ ಮಲ್ಪೆ ಅಲ್ವಾ" ಎಂದು ಬೀಡಿ ಅತ್ತೆ. ಆ ದಿನ ಕೆಥೊಲಿಕ್ ಇಗರ್ಜಿಯ ಹೆಂಗಸರನ್ನೂ ಬ್ರಹ್ಮಾವರದ ಕಡೆಯ ಸಿರಿಯನ್ ಸಭೆಯವರನ್ನೂ ಕರೆದೆವು. ಒಂದೇ ಆರಾಧನೆಯಲ್ಲಿ ಕನ್ನಡ, ತುಳು, ಕೊಂಕಣಿ. ಹಾಡಿನ ಶ್ರುತಿ ಸೇರಲಿಲ್ಲ, ಆದರೂ ಯಾರೂ ನಿಲ್ಲಿಸಲಿಲ್ಲ.

ಆಗದೇ ಉಳಿದದ್ದೂ ಬಹಳ ಉಂಟು. ಸಿಎಸ್‌ಐಯಲ್ಲಿ, ಅಂದರೆ ದಕ್ಷಿಣ ಭಾರತ ಸಭೆಯಲ್ಲಿ, ಹೆಂಗಸರಿಗೆ ಮೊದಲು ಪಾದ್ರಿ ದೀಕ್ಷೆ ಕೊಟ್ಟದ್ದು 1976ರಲ್ಲಿ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ ಕೂಡ ಆದರು. ನಮ್ಮಲ್ಲಿ ಹೆಂಗಸು ಪ್ರಸಂಗಪೀಠ ಹತ್ತುವುದು ವರ್ಷಕ್ಕೊಮ್ಮೆ, ಸ್ತ್ರೀಯರ ಭಾನುವಾರ ಮಾತ್ರ. ಆ ದಿನ ಬಾಗಿಲಲ್ಲಿ ನಿಲ್ಲುವುದರಿಂದ ಹಿಡಿದು ಕಾಣಿಕೆ ಎತ್ತುವವರೆಗೆ ನಾವೇ. ಮುಂದಿನ ಭಾನುವಾರ ಪುನಃ ಬೆಂಚಿಗೆ. ತಿಂಗಳಿಗೊಮ್ಮೆ ಮಾಡಿ ಎಂದು ಅರ್ಜಿ ಕೊಟ್ಟು ಎರಡು ವರ್ಷವಾಯಿತು, "ಪರಿಶೀಲನೆಯಲ್ಲಿದೆ." ಸಣ್ಣ ಮಕ್ಕಳ ತಾಯಂದಿರು ಶನಿವಾರಕ್ಕೂ ಬರುವುದು ಕಷ್ಟ. ಮಕ್ಕಳನ್ನು ಒಂದು ಗಂಟೆ ನೋಡಿಕೊಳ್ಳಿ ಎಂದು ಗಂಡಸರ ಕೂಟವನ್ನು ಕೇಳಿದೆವು. ಒಬ್ಬರೇ ಬಂದರು, ನಿವೃತ್ತ ಡ್ರಿಲ್ ಮಾಸ್ಟರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಲೆಫ್ಟ್ ರೈಟ್ ಮಾಡಿಸಿದರು. ಮಕ್ಕಳಿಗೆ ಖುಷಿಯೋ ಖುಷಿ, ಈಗ ಅವರೇ ತಾಯಂದಿರನ್ನು ಎಳೆದುಕೊಂಡು ಬರುತ್ತಾರೆ.

ಬರುವ ಶನಿವಾರದ ಕೂಟ ನಮ್ಮ ಮನೆಯಲ್ಲಿ. ಮಳೆ ಹಿಡಿದಿದೆ, ಹಿತ್ತಿಲಲ್ಲಿ ಕೆಸುವಿನ ಎಲೆ ಅಗಲವಾಗಿ ಬಂದಿದೆ. ಪತ್ರೊಡೆ ಮಾಡುವುದೆಂದು ಮಾಡಿದ್ದೇನೆ. ಮೇಲೆ ಬೆಲ್ಲ, ತೆಂಗಿನತುರಿ ಹಾಕಿದರೆ ಅದು ಎರಡನೇ ತಿಂಡಿ ಅಲ್ಲ ಎಂದು ಅಮ್ಮನವರ ಹತ್ತಿರ ಮೊದಲೇ ಕೇಳಿ ಇಟ್ಟಿದ್ದೇನೆ.