ಹಳೇ ರೋಡ್ ಸೈಕಲಿಗೆ ಸಾಮಾನು: ಮೊದಲು ವರ್ನಿಯರ್, ಆಮೇಲೆ ಅಂಗಡಿ

ನೀರ್ಚಾಲು, 14 ಜೂನ್ 2025, ಶನಿವಾರ

ಬೆಳಗ್ಗಿನಿಂದ ಬಿಡದ ಮಳೆ. ಜಗಲಿಯ ಪಕ್ಕಾಸಿಗೆ ಹಗ್ಗ ಕಟ್ಟಿ ತೂಗಿದ ಫ್ರೇಮಿಗೆ ಸಾಮಾನು ಹೊಂದಿಸುವ ಕೆಲಸ ಇವತ್ತು ಅರ್ಧದವರೆಗೆ ಬಂತು. ಸ್ಟಿಕ್ಕರ್ ಎಲ್ಲ ಎದ್ದುಹೋದ, ಲಗ್ ಜೋಡಣೆಯ ಉಕ್ಕಿನ ಫ್ರೇಮು. ಮುಂದೆ ಎರಡು ಚೈನ್ ಚಕ್ರ, ಹಿಂದೆ ಆರು ಹಲ್ಲುಬಿಲ್ಲೆ, ಕಾಟರ್ ಪಿನ್ನಿನ (ಆಕ್ಸಲಿಗೆ ಬೆಣೆಯ ಹಾಗೆ ಬಡಿದು ಹಿಡಿಸುವ ಪಿನ್ನು) ಕ್ರ್ಯಾಂಕು, ಕ್ರೋಮ್ ಬಳಿದ 27×1¼ ಉಕ್ಕಿನ ರಿಮ್ಮು. ಗುಜರಿ ಅಂಗಡಿಗಳಲ್ಲಿ ಇಂಥವು ಈಗಲೂ ಒಂದೊಂದು ಸಿಗ್ತವೆ. ಬಿಡಿಭಾಗ ಸಿಗುವುದಿಲ್ಲವೆಂದು ಜನ ಅವನ್ನು ತೂಕಕ್ಕೆ ಹಾಕುವುದು ನೋಡುವಾಗ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಮುಕ್ಕಾಲು ಪಾಲು ಸಾಮಾನು ಇಲ್ಲಿಯೇ, ಹೆಚ್ಚೆಂದರೆ ಮಂಗಳೂರಿನಲ್ಲಿ, ಸಿಗುವಂಥದ್ದೇ.

ಕೆಲಸಕ್ಕೆ ಇಟ್ಟುಕೊಂಡ ಕ್ರಮ ಒಂದೇ: ಬದಲಿ ಸಿಗುವ ತುಂಡಿಗೆ ಅರ ಹಾಕುವುದು, ಫ್ರೇಮಿಗೂ ಫೋರ್ಕಿಗೂ ಹಾಕದೇ ಇರುವುದು. ಹತ್ತಿಪ್ಪತ್ತು ರೂಪಾಯಿಯ ಪಿನ್ನು ಹಾಳಾದರೆ ಇನ್ನೊಂದು ತರಬಹುದು, ಫೋರ್ಕಿನ ತುದಿಯನ್ನು ಒಮ್ಮೆ ಅಗಲ ಮಾಡಿದರೆ ಮತ್ತೆ ಮುಚ್ಚಲಿಕ್ಕಿಲ್ಲ. ಹಾಗಾಗಿ ಅಂಗಡಿಗೆ ಹೊರಡುವ ಮೊದಲು ವರ್ನಿಯರ್ (ಮಿ.ಮೀ.ಯ ಹತ್ತನೇ ಭಾಗದವರೆಗೂ ಅಳೆಯುವ ಸಾಧನ) ಹಿಡಿದು ಕೂರಬೇಕು. ಈ ಫ್ರೇಮಿನ ಅಳತೆ ಹೀಗೆ ಬಂತು: ಹಿಂದಿನ ಗಾಲಿ ಕೂರುವ ಜಾಗ 126 ಮಿ.ಮೀ., ಬಿ.ಬಿ. (ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಆಕ್ಸಲ್ ತಿರುಗುವ ಜಾಗ) ಕೊಳವೆಯ ಅಗಲ 68, ಸೀಟಿನ ಕೊಳವೆಯ ಒಳವ್ಯಾಸ 26.6, ಹ್ಯಾಂಡಲ್ ಕಾಂಡ 22.2, ಗೇರ್ ಲಿವರಿನ ಪಟ್ಟಿ ಕೂರುವ ಕೊಳವೆ 28.6.

ಬಿ.ಬಿ.ಯ ಥ್ರೆಡ್ ಗೊತ್ತಾಗದಿದ್ದರೆ ಅದರ ಕಪ್ಪನ್ನು (ಬಾಲ್ಸು ಕೂರುವ, ಹೊರಗೆ ಥ್ರೆಡ್ ಇರುವ ಬಟ್ಟಲು) ಹೊರಗೆ ತೆಗೆದು ಥ್ರೆಡ್ಡಿನ ಹತ್ತು ಸುತ್ತಿನ ಉದ್ದ ಅಳೆಯಿರಿ. 10.6 ಮಿ.ಮೀ. ಬಂದರೆ ಇಂಚಿಗೆ 24ರ ಥ್ರೆಡ್, 9.8 ಬಂದರೆ ಇಂಚಿಗೆ 26ರದ್ದು, ಸರಿಯಾಗಿ 10 ಬಂದರೆ ಫ್ರೆಂಚ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹಳೇ ರಾಲಿ ಸೈಕಲುಗಳಲ್ಲಿ 26ರ ಥ್ರೆಡ್ ಉಂಟು, ಕೊಳವೆಯೂ 68ರ ಬದಲು 71 ಅಥವಾ 76 ಮಿ.ಮೀ. ಇರುತ್ತದೆ. ಅಂಥದ್ದು ಕೈಗೆ ಬಂದರೆ ಹಳೇ ಕಪ್ಪುಗಳನ್ನು ಚಿನ್ನದ ಹಾಗೆ ಜೋಪಾನ ಮಾಡಿ, ಅದಕ್ಕೆ ಹೊಸ ಕಪ್ಪು ಸಿಗುವುದು ಬಲು ಕಷ್ಟ. ಇವತ್ತಿನದ್ದು 10.6, ಮಾಮೂಲು ಇಂಗ್ಲಿಷ್ ಥ್ರೆಡ್.

ಗಾಲಿಯದ್ದೇ ದೊಡ್ಡ ತಲೆನೋವು. 27 ಇಂಚಿನ ಟಯರ್ ಎಂದು ಕೇಳಿದರೆ ಅಂಗಡಿಯವರು 27.5 ತಂದು ಕೊಡ್ತಾರೆ. ಅದು ಗುಡ್ಡದ ಸೈಕಲಿನದ್ದು, ರಿಮ್ಮಿನ ವ್ಯಾಸ 584 ಮಿ.ಮೀ. ನಮ್ಮ ರಿಮ್ಮು 630. ಊರಿನ ದೊಡ್ಡ ಸೈಕಲಿನ 28×1½ ಟಯರ್ ಎಲ್ಲ ಕಡೆ ಉಂಟು, ಆದರೆ ಅದು 635, ನಮ್ಮ ರಿಮ್ಮಿನಲ್ಲಿ ಸಡಿಲ ಕೂತು ಗಾಳಿ ತುಂಬುವಾಗ ಹಾರಿಹೋಗ್ತದೆ. ಇಂಚಿನ ಲೆಕ್ಕ ನಂಬಬೇಡಿ. ಟಯರಿನ ಮಗ್ಗುಲಲ್ಲಿ 32-630, 40-635, 32-622 ಎಂದು ಅಚ್ಚೊತ್ತಿದ ಅಂಕಿಯನ್ನೇ ಓದಿ. ಕೊನೆಯದ್ದು 622, ಅಂದರೆ 700 ಸಿ, ಈಗಿನ ಹೈಬ್ರಿಡ್ ಸೈಕಲ್‌ಗಳಿಂದಾಗಿ ಟಯರೂ ಟ್ಯೂಬೂ ರಿಮ್ಮೂ ಸುಲಭಕ್ಕೆ ಸಿಗುವ ಅಳತೆ. 630ರಿಂದ 622ಕ್ಕೆ ಇಳಿದರೆ ತ್ರಿಜ್ಯದಲ್ಲಿ 4 ಮಿ.ಮೀ. ವ್ಯತ್ಯಾಸ. ಆ 4 ಮಿ.ಮೀ. ಲಾಭವೂ ಹೌದು: 32ರ ಟಯರಿನ ಮೇಲೆ ಮಡ್‌ಗಾರ್ಡಿಗೆ ಜಾಗ ಸಿಗ್ತದೆ. ಉಕ್ಕಿನ ಕ್ರೋಮ್ ರಿಮ್ಮನ್ನು ಬಿಡಲಿಕ್ಕೆ ಇನ್ನೂ ದೊಡ್ಡ ಕಾರಣ ನಮ್ಮ ಮಳೆ. ಒದ್ದೆ ಕ್ರೋಮಿನ ಮೇಲೆ ರಬ್ಬರ್ ಹಿಡಿಯುವುದೇ ಇಲ್ಲ, ಇಳಿಜಾರಿನಲ್ಲಿ ಬ್ರೇಕ್ ಹಿಡಿದರೂ ಸೈಕಲ್ ಓಡುತ್ತಲೇ ಇರುತ್ತದೆ. ಅಲ್ಯೂಮಿನಿಯಂ ರಿಮ್ಮೇ ಬೇಕು, ಈ ವಿಷಯದಲ್ಲಿ ಹಳೇ ಚಂದಕ್ಕೆ ಸೋಲಬಾರದು.

ಗಾಲಿಯ ನಡುವಿನ ಹಬ್ಬು ಎರಡೂ 36 ತೂತಿನವು, ಒಳಗಿನ ಓಟದ ದಾರಿ ನುಣ್ಣಗೆ ಉಂಟು, ಅದನ್ನೇ ಇಟ್ಟುಕೊಂಡದ್ದು. ಹಬ್ಬು ಹಾಳಾದವರಿಗೆ ಒಂದು ಎಚ್ಚರಿಕೆ: ಊರಿನ ಸೈಕಲಿನ ಹಬ್ಬು ಮುಂದೆ 32, ಹಿಂದೆ 40 ತೂತು. ಮುಂದಿನದ್ದಕ್ಕೆ 32ರ 700 ಸಿ ರಿಮ್ಮು ಹೊಂದುತ್ತದೆ, 40 ತೂತಿನ ರಿಮ್ಮಿಗೆ ಅಲೆದು ಸುಸ್ತಾಗ್ತೀರಿ. ಈಗಿನ ಗೇರ್ ಸೈಕಲಿನ ಹಿಂದಿನ ಹಬ್ಬು ಹೆಚ್ಚಾಗಿ 135 ಮಿ.ಮೀ. ಎಡಗಡೆಯ ವಾಷರ್ ತೆಗೆದು 9 ಮಿ.ಮೀ. ಕಡಿಮೆ ಮಾಡಿದರೆ 126 ಬರ್ತದೆ, ಆದರೆ ನಡುಗೆರೆ 4.5 ಮಿ.ಮೀ. ಬಲಕ್ಕೆ ಜಾರುತ್ತದೆ, ರಿಮ್ಮನ್ನು ಅಷ್ಟೇ ಬಲಕ್ಕೆ ಎಳೆಯಬೇಕು. 130ರ ಹಬ್ಬು ಸಿಕ್ಕಿದರೆ ಯೋಚನೆಯೇ ಬೇಡ: ಉಕ್ಕಿನ ಫ್ರೇಮು, ಬದಿಗೆ 2 ಮಿ.ಮೀ. ಕೈಯಿಂದ ಅಗಲಿಸಿ ಕೂರಿಸಬಹುದು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಇದನ್ನು ಮಾಡಲೇಬಾರದು.

ಹಳೇ ಗಾಲಿಯ ಕಡ್ಡಿ ಕತ್ತರಿಸುವ ಮೊದಲು ಫ್ರೀವೀಲ್ ಬಿಚ್ಚಬೇಕು. ಈ ಕ್ರಮ ತಪ್ಪಿದರೆ ಹಬ್ಬನ್ನು ಹಿಡಿಯಲಿಕ್ಕೆ ಏನೂ ಉಳಿಯುವುದಿಲ್ಲ, ಫ್ರೀವೀಲ್ ಹಬ್ಬಿಗೇ ಅಂಟಿಕೊಂಡು ಎರಡೂ ಗುಜರಿಗೆ. ಅದರ ಹಲ್ಲಿಗೆ ಸರಿಯಾದ ಬಿಚ್ಚುವ ಟೂಲ್ ಇಟ್ಟು, ಆಕ್ಸಲ್ ನಟ್ಟಿನಿಂದ ಅದುಮಿ ಹಿಡಿಸಿ, ಟೂಲನ್ನು ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನೇ ಬಸ್ಸಿನ ಸ್ಟಿಯರಿಂಗಿನ ಹಾಗೆ ಅಪ್ರದಕ್ಷಿಣವಾಗಿ ತಿರುಗಿಸಬೇಕು. ಮೊದಲ ಕಾಲು ಸುತ್ತು ಸಡಿಲಾದ ಕೂಡಲೇ ನಟ್ಟು ಸ್ವಲ್ಪ ಬಿಡಿ, ಇಲ್ಲದಿದ್ದರೆ ಆಕ್ಸಲ್ ತುಂಡಾಗಬಹುದು.

ಕಡ್ಡಿಯ ಉದ್ದ ಅಂದಾಜಿಗೆ ತಂದರೆ ದುಡ್ಡು ದಂಡ. ಹೊಸ ರಿಮ್ಮಿನಲ್ಲಿ ಎದುರುಬದುರು ತೂತುಗಳಿಗೆ ನಿಪ್ಪಲ್ ಹಾಕಿ ಅಳೆದಾಗ ಸಿಕ್ಕ ವ್ಯಾಸ 600, ಅರ್ಧ 300. ಹಬ್ಬಿನ ತೂತುಗಳ ವರ್ತುಲದ ವ್ಯಾಸ 45, ಅರ್ಧ 22.5. ಹಬ್ಬಿನ ನಡುಗೆರೆಯಿಂದ ಕಡ್ಡಿ ಸಿಕ್ಕಿಸುವ ಎಡದ ಬಿಲ್ಲೆಗೆ 34, ಬಲದ ಬಿಲ್ಲೆಗೆ 20. ಮೂರು ಕ್ರಾಸಿಗೆ (ಒಂದು ಕಡ್ಡಿ ಬೇರೆ ಮೂರು ಕಡ್ಡಿಗಳನ್ನು ದಾಟುವ ಹೆಣಿಗೆ) 36 ತೂತಿನಲ್ಲಿ ಕೋನ 60 ಡಿಗ್ರಿ. 300ರ ವರ್ಗಕ್ಕೆ 22.5ರ ವರ್ಗ ಕೂಡಿಸಿ, 300×22.5 ಕಳೆದು (60 ಡಿಗ್ರಿಯ ಕೊಸೈನ್ ಅರ್ಧವಾದ್ದರಿಂದ ಲೆಕ್ಕ ಇಷ್ಟು ಸಲೀಸು), ಎಡಕ್ಕೆ 34ರ ವರ್ಗ, ಬಲಕ್ಕೆ 20ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. 291.4 ಮತ್ತು 290.1 ಬರ್ತದೆ. ಹಬ್ಬಿನ ತೂತಿನ ಅರ್ಧವ್ಯಾಸ 1.3 ಕಳೆದರೆ ಎಡಕ್ಕೆ 290, ಬಲಕ್ಕೆ 289. ಕಡ್ಡಿ ಸ್ಟೇನ್‌ಲೆಸ್ಸೇ ಆಗಲಿ. ಕಡಲ ಗಾಳಿಗೆ ಮಾಮೂಲು ಕಡ್ಡಿ ನಿಪ್ಪಲಿನೊಳಗೇ ತುಕ್ಕು ಹಿಡಿದು, ಮತ್ತೆ ಬಿಗಿ ಮಾಡಹೋದರೆ ತಿರುಚಿ ಮುರಿಯುತ್ತದೆ.

ರಿಮ್ಮು ಚಿಕ್ಕದಾದ ಮೇಲೆ ಬ್ರೇಕಿನ ಲೆಕ್ಕ. ಬ್ರೇಕ್ ಬೋಲ್ಟಿನ ನಡುವಿನಿಂದ ರಿಮ್ಮಿನ ಮಗ್ಗುಲಿನ ನಡುವಿಗೆ ಮೊದಲು ಮುಂದೆ 54, ಹಿಂದೆ 60 ಮಿ.ಮೀ. ಇತ್ತು, ಈಗ 58 ಮತ್ತು 64. 47ರಿಂದ 57ರವರೆಗೆ ನಿಲುಕುವ ಕ್ಯಾಲಿಪರಿಗೆ (ರಿಮ್ಮನ್ನು ಎರಡು ಬದಿಯಿಂದ ಅದುಮುವ ಬ್ರೇಕಿನ ತೋಳು) ಮುಂದಿನದ್ದು ಒಂದೇ ಮಿ.ಮೀ.ಗೆ ತಪ್ಪಿಹೋಗ್ತದೆ. ರಬ್ಬರಿನ ಸೀಳನ್ನು ಅರದಿಂದ ಉದ್ದ ಮಾಡುವ ಆಸೆ ಬೇಡ, ಸರಿಯಾದ ಕ್ಯಾಲಿಪರ್ ಉಂಟು: ಟೆಕ್ಟ್ರೋ ಆರ್559, ನಿಲುಕು 55ರಿಂದ 73. ತರಿಸುವಾಗ ಹಿಂದಿನಿಂದ ನಟ್ಟು ಬಿಗಿಯುವ ನಮೂನೆಯದ್ದೇ ಕೇಳಿ. ಹುದುಗುವ ನಟ್ಟಿನದ್ದಕ್ಕೆ ಫೋರ್ಕಿನ ಹಿಂಬದಿಯಲ್ಲಿ 8 ಮಿ.ಮೀ. ತೂತು ಬೇಕು, ಹಳೇ ಫೋರ್ಕಿನಲ್ಲಿ ಇರುವುದು 6ರ ಬೋಲ್ಟಿನ ತೂತು. ಹೆಣ್ಣುಮಕ್ಕಳ ಸೈಕಲಿನ ಉಕ್ಕಿನ ಕ್ಯಾಲಿಪರೂ ಅಳತೆಗೆ ಹೊಂದಬಹುದು, ಆದರೆ ಅದರ ತೋಳು ಬಾಗುತ್ತದೆ, ಲಿವರ್ ಹ್ಯಾಂಡಲಿಗೆ ಮುಟ್ಟಿದರೂ ಗಾಲಿ ನಿಲ್ಲುವುದಿಲ್ಲ.

ಲಿವರಿನಲ್ಲಿ ಮೋಸ ಹೋಗುವವರು ಹೆಚ್ಚು. ಅಂಗಡಿಯಲ್ಲಿ ತೂಗುವ ಲಿವರುಗಳಲ್ಲಿ ಬಹಳಷ್ಟು ವಿ-ಬ್ರೇಕಿನವು (ಗುಡ್ಡದ ಸೈಕಲಿನ ಉದ್ದ ತೋಳಿನ ಬ್ರೇಕು). ಅವು ಕೇಬಲನ್ನು ಹತ್ತಿರಹತ್ತಿರ ಎರಡು ಪಟ್ಟು ಎಳೆಯುತ್ತವೆ, ಬಲ ಅಷ್ಟೇ ಕಡಿಮೆ. ಕ್ಯಾಲಿಪರಿಗೆ ಹಾಕಿದರೆ ಹಿಡಿದ ಹಾಗೆ ಗಟ್ಟಿ ಅನಿಸ್ತದೆ, ಸೈಕಲ್ ನಿಲ್ಲುವುದಿಲ್ಲ. ಬಾಗಿದ ಹ್ಯಾಂಡಲಿನ ರೋಡ್ ಲಿವರೇ ಬೇಕು, ಅದಕ್ಕೆ ಪೇರಳೆಕಾಯಿ ಆಕಾರದ ತಲೆಯ ಕೇಬಲ್. ಎರಡೂ ತುದಿಗೆ ಎರಡು ನಮೂನೆಯ ತಲೆ ಇರುವ ಕೇಬಲ್ ಸಿಕ್ಕಿದರೆ ಬೇಡದ್ದನ್ನು ಕತ್ತರಿಸಿ.

ಮಧ್ಯಾಹ್ನದ ನಂತರ ಪೂರ್ತಿ ಕಾಟರ್ ಪಿನ್ನಿಗೇ ಹೋಯಿತು. ಹಳೇದನ್ನು ತೆಗೆಯುವಾಗ ನಟ್ಟನ್ನು ಪೂರ್ತಿ ಬಿಚ್ಚದೆ ಪಿನ್ನಿನ ತುದಿಗೆ ಸಮ ಮಾಡಿ ಬಿಡಬೇಕು, ಥ್ರೆಡ್ ಉಳಿಯುತ್ತದೆ. ಕ್ರ್ಯಾಂಕಿನ ಅಡಿಗೆ ಒಂದು ಕಬ್ಬಿಣದ ಪೈಪಿನ ತುಂಡನ್ನು ನೆಲದಿಂದ ನೇರ ನಿಲ್ಲಿಸಿ, ಪಿನ್ನಿನ ತಲೆ ಪೈಪಿನೊಳಗೆ ಇಳಿಯುವ ಹಾಗೆ ಕೂರಿಸಿ, ದೊಡ್ಡ ಸುತ್ತಿಗೆಯಿಂದ ಒಂದೇ ಗಟ್ಟಿ ಪೆಟ್ಟು. ಪೈಪಿಲ್ಲದೆ ಟಕಟಕ ಬಡಿದರೆ ಪೆಟ್ಟೆಲ್ಲ ಬಿ.ಬಿ.ಯ ಬಾಲ್ಸಿಗೆ ಹೋಗಿ ಕಪ್ಪಿನಲ್ಲಿ ಗುಳಿ ಬೀಳ್ತದೆ, ಪಿನ್ನು ಮಾತ್ರ ಅಲುಗುವುದಿಲ್ಲ.

ಹೊಸ ಪಿನ್ನು 9.5 ಮಿ.ಮೀ. ದಪ್ಪದ್ದು. ಯುರೋಪಿನ ಕೆಲವು ಸೈಕಲಿಗೆ 9.0 ಬೇಕಾಗ್ತದೆ, ಅಳೆದೇ ತನ್ನಿ. ಅಂಗಡಿಯಿಂದ ತಂದ ಹಾಗೆಯೇ ಹಾಕಿದರೆ ಸರಿ ಕೂರುವುದು ಅಪರೂಪ, ಚಪ್ಪಟೆ ಬದಿಯ ಇಳಿಜಾರು ಆಕ್ಸಲಿನ ಚಪ್ಪಟೆಗೆ ತಾಳೆಯಾಗುವುದಿಲ್ಲ. ಪಿನ್ನಿನ ಚಪ್ಪಟೆಗೆ ನೀಲಿ ಮಾರ್ಕರ್ ಬಳಿದು, ಒಳಗೆ ತಳ್ಳಿ, ಮರದ ಕೊಡತಿಯಿಂದ ಒಂದು ತಟ್ಟು ತಟ್ಟಿ ಹೊರತೆಗೆದೆವು. ನೀಲಿಯ ಮೇಲ್ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಮಾತ್ರ ಹೊಳೆಯುತ್ತಿತ್ತು, ಅಂದರೆ ಅಷ್ಟೇ ಜಾಗ ಇಡೀ ಕಾಲಿನ ಭಾರ ಹೊರುವುದು. ಅಲ್ಲಿಗೆ ನುಣುಪು ಅರ, ನಾಲ್ಕೈದು ಎಳೆತ, ಮತ್ತೆ ನೀಲಿ, ಮತ್ತೆ ತಳ್ಳುವುದು. ಆರನೇ ಸಲಕ್ಕೆ ಹೊಳಪು ಚಪ್ಪಟೆಯ ಮುಕ್ಕಾಲು ಉದ್ದಕ್ಕೆ ಹರಡಿತು. ಅರ ಒಂದೇ ದಿಕ್ಕಿಗೆ, ಮಟ್ಟಸವಾಗಿ ಹೋಗಬೇಕು. ಕೈ ತೂಗಿದರೆ ಚಪ್ಪಟೆ ಉಬ್ಬಾಗಿ ಪಿನ್ನು ಎಂದಿಗೂ ನಿಲ್ಲುವುದಿಲ್ಲ. ಇನ್ನೊಂದು ಬದಿಯ ಪಿನ್ನನ್ನೂ ಅಷ್ಟೇ ತೆಳ್ಳಗೆ ಮಾಡಬೇಕು, ಇಲ್ಲದಿದ್ದರೆ ಎರಡು ಕ್ರ್ಯಾಂಕು ಒಂದೇ ಗೆರೆಗೆ ಬರುವುದಿಲ್ಲ. ಯಾವ ಕ್ರ್ಯಾಂಕನ್ನು ಮುಂದಕ್ಕೆ ತಂದರೂ ಅದರ ನಟ್ಟು ಒಂದೇ ಕಡೆ, ಎರಡೂ ಕೆಳಗೆ ಅಥವಾ ಎರಡೂ ಮೇಲೆ, ಇರಬೇಕು. ಪಿನ್ನನ್ನು ನಟ್ಟಿನಿಂದ ಎಳೆಯಬಾರದು, ಥ್ರೆಡ್ ಕಿತ್ತುಬರ್ತದೆ. ಪೈಪು ಕೊಟ್ಟು ಬಡಿದು ಕೂರಿಸಿ, ನಟ್ಟು ಅದನ್ನು ಹಿಡಿದಿಡಲಿಕ್ಕೆ ಮಾತ್ರ. ಐವತ್ತು ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಬಿ.ಬಿ.ಯ ಬಲಗಡೆಯ ಕಪ್ಪು ನುಣ್ಣಗಿದ್ದರೆ ಅದನ್ನು ಬಿಚ್ಚುವ ಗೋಜಿಗೆ ಹೋಗಬೇಡಿ, ಅಲ್ಲಿಯೇ ಬಟ್ಟೆ ತೂರಿಸಿ ಒರೆಸಿ. ಬಿಚ್ಚಲೇಬೇಕಾದರೆ ಇಂಗ್ಲಿಷ್ ಥ್ರೆಡ್ಡಿನಲ್ಲಿ ಆ ಬದಿ ಉಲ್ಟಾ, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಡ್ತದೆ. ಬಾಲ್ಸು ಕಾಲಿಂಚಿನದ್ದು, ಬದಿಗೆ 11. ಹಿಂದಿನ ಹಬ್ಬಿಗೂ ಕಾಲಿಂಚೇ, ಬದಿಗೆ 9. ಹಳೇ ಬಾಲ್ಸನ್ನು ಹೊಸದರ ಜೊತೆ ಬೆರೆಸಬೇಡಿ. ಕೊಳವೆಯ ಅಡಿಯಲ್ಲಿ ನೀರು ಇಳಿಯಲಿಕ್ಕೆ ಸಣ್ಣ ತೂತು ಇದ್ದರೆ ಕಡ್ಡಿ ಹಾಕಿ ಬಿಡಿಸಿ. ಗ್ರೀಸು ಬಂದರಿನ ಹತ್ತಿರದ ಅಂಗಡಿಯಲ್ಲಿ ದೋಣಿಯ ಇಂಜಿನಿಗೆ ಕೊಡುವ, ನೀರು ತಡೆಯುವಂಥದ್ದು. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯದ್ದು ಬೇಡ.

ಸೀಟಿನ ಕಂಬ 26.6 ಸಿಗಲಿಲ್ಲ, ಸಿಕ್ಕಿದ್ದು 25.4. ನಡುವಿನ ಅಂತರ 1.2, ಬದಿಗೆ 0.6 ಮಿ.ಮೀ. ತಂಪು ಪಾನೀಯದ ಡಬ್ಬಿಯ ತಗಡು ಸುಮಾರು 0.1, ಆರು ಸುತ್ತು ಸುತ್ತಿದರೆ ಜಾರ್ತದೆ. ತಾರಸಿಯ ಮೇಲೆ ಮಾಡು ಹಾಕುವವರ ಹತ್ತಿರ ಉಳಿದ 0.5ರ ಅಲ್ಯೂಮಿನಿಯಂ ಶೀಟಿನ ತುಂಡು, ಅದರ ಮೇಲೆ ಡಬ್ಬಿಯ ತಗಡು ಒಂದು ಸುತ್ತು, ಲೆಕ್ಕ ಸರಿಹೋಯಿತು. ಶೀಟು 80 ಮಿ.ಮೀ. ಅಗಲ, 105 ಉದ್ದ. ಮೇಲಿನ 5 ಮಿ.ಮೀ. ಹೊರಕ್ಕೆ ಮಡಚಿದರೆ ಒಳಗೆ ಬೀಳುವುದಿಲ್ಲ. ಸುತ್ತಿದ ಮೇಲೆ ಉಳಿಯುವ ಸಣ್ಣ ಸಂದು ಫ್ರೇಮಿನ ಸೀಳಿನ ನೇರಕ್ಕೇ ಬರಲಿ. ಇಲ್ಲಿಗೂ ಹ್ಯಾಂಡಲ್ ಕಾಂಡಕ್ಕೂ ಧಾರಾಳ ಗ್ರೀಸು ಹಚ್ಚಿ. ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಉಕ್ಕಿನೊಳಗೆ ಒಣಗಿ ಕೂತರೆ ಒಂದೇ ಜೀವ ಆಗಿಬಿಡ್ತದೆ, ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ಬಿಚ್ಚಿ ಹಚ್ಚಬೇಕು.

ಹ್ಯಾಂಡಲ್ 25.4 ಹಿಡಿಯುವ ಹಳೇ ಕಾಂಡವೇ ಸಾಕು. ಈಗಿನ 31.8ರ ಹ್ಯಾಂಡಲ್ ಅದಕ್ಕೆ ತೂರುವುದಿಲ್ಲ.

ಸಣ್ಣ ಸಾಮಾನಿನ ತುಕ್ಕಿಗೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಒಂದು ರಾತ್ರಿ. ಅಲ್ಯೂಮಿನಿಯಂ ಅದರಲ್ಲಿ ಹಾಕಬೇಡಿ. ತೆಗೆದದ್ದನ್ನು ಅಡಿಗೆ ಸೋಡದ ನೀರಿನಲ್ಲಿ ಅದ್ದಿ, ಒರೆಸಿ, ತಕ್ಷಣ ಎಣ್ಣೆ. ಈ ಹವೆಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪು ಕೂರ್ತದೆ.

ಹಿಂದಿನ ಗೇರಿಗೆ (ಚೈನನ್ನು ಹಲ್ಲುಬಿಲ್ಲೆಯಿಂದ ಹಲ್ಲುಬಿಲ್ಲೆಗೆ ದಾಟಿಸುವ ತುಂಡು) ಫ್ರೇಮಿನಲ್ಲಿ ಕಿವಿ ಇಲ್ಲ, ಆಕ್ಸಲಿಗೆ ಸಿಕ್ಕಿಸುವ ಕೊಕ್ಕೆಪಟ್ಟಿಯ ಶಿಮಾನೋ ಟೂರ್ನಿ ಸಾಕು, 34 ಹಲ್ಲಿನವರೆಗೆ ಏರ್ತದೆ. ಕ್ಲಿಕ್ ಇಲ್ಲದ ಹಳೇ ಲಿವರಾದ್ದರಿಂದ ಯಾವ ಗೇರಿಗೂ ಹೊಂದುತ್ತದೆ. ಮುಂದಿನ 40 ಹಲ್ಲಿಗೆ ಹಿಂದೆ 28 ಇದ್ದರೆ ಒಂದು ತುಳಿತದ ಸುತ್ತಿಗೆ 3.1 ಮೀಟರ್, 34 ಇದ್ದರೆ 2.5. ಮುಳ್ಳೇರಿಯ ಕಡೆಯ ಏರಿಗೆ 34ರದ್ದೇ ಬೇಕು. ಚೈನು ½×3/32, ಊರಿನ ಸೈಕಲಿನ ⅛ರ ಚೈನು ಹಲ್ಲುಗಳ ನಡುವೆ ಉಜ್ಜುತ್ತದೆ.

ಸೋಮವಾರ ಮಂಗಳೂರಿಗೆ ಹೋಗುವ ಅಣ್ಣನ ಕೈಯಲ್ಲಿ ಕೊಡಲಿಕ್ಕೆ ಚೀಟಿ ಬರೆದಿಟ್ಟದ್ದು: 36 ತೂತಿನ 622 ರಿಮ್ಮು ಒಂದು (ಹಿಂದಿನದ್ದು ಬಂದಾಗಿದೆ, ಅದೇ ನಮೂನೆ), ಕಡ್ಡಿ 290ರದ್ದು 20, 289ರದ್ದು 20, ಹೆಚ್ಚಿನದ್ದು ಮುರಿದರೆ ಇರಲಿ ಎಂದು, 14-34 ಫ್ರೀವೀಲು, ಮತ್ತು ಹಿಂದಿನ ಹಬ್ಬಿನ ಹಳೇ ಕೋನು (ಆಕ್ಸಲಿನ ಮೇಲೆ ಕೂತು ಬಾಲ್ಸನ್ನು ಹಿಡಿಯುವ ನಟ್ಟು) ಮಾದರಿಗೆ. ಕೋನಿನ ಕುಳಿ ನೋಡದೆ ಥ್ರೆಡ್ ಮಾತ್ರ ನೋಡಿ ತಂದರೆ ಬಾಲ್ಸು ಅಂಚಿನಲ್ಲಿ ಓಡ್ತದೆ, ಆದ್ದರಿಂದ ಹಳೇದನ್ನು ಪಕ್ಕದಲ್ಲಿಟ್ಟು ನೋಡಿಯೇ ತರಲಿಕ್ಕೆ ಹೇಳಿದ್ದು.