ವರ್ಷದ ಹತ್ತು ಆಲ್ಬಂ: ಒಂಬತ್ತು ಕೂತವು, ಒಂದನೆಯದು ಓಡುತ್ತಿತ್ತು

ಡಿಸೆಂಬರ್ ಬಂತೆಂದರೆ ಗೆಳೆಯರೆಲ್ಲ ವರ್ಷದ ಮೆಚ್ಚಿನ ಹತ್ತು ಆಲ್ಬಮ್ಮುಗಳ ಪಟ್ಟಿ ಹಿಡಿದು ಜಗಳಕ್ಕೆ ಕೂರುತ್ತಾರೆ. ನನ್ನದೂ ಒಂದು ಪಟ್ಟಿ ಉಂಟು. ನಿಯಮ ಮಾತ್ರ ಬೇರೆ: ಆಲ್ಬಂ ಯಾವ ಕಾಲದ್ದೂ ಆಗಬಹುದು, ಈ ವರ್ಷ ನನ್ನ ಕ್ಯಾಸೆಟ್ ಡೆಕ್ಕಿನಲ್ಲಿ ಓಡಿ ಕಂಪ್ಯೂಟರಿಗೆ ಇಳಿದಿರಬೇಕು. ಈ ಸಲ ಎರಡರಿಂದ ಹತ್ತರವರೆಗೆ ನವೆಂಬರಿನಲ್ಲೇ ತುಂಬಿತು. ಒಂದನೆಯ ಜಾಗ ಮೂರು ವಾರ ಖಾಲಿ ಬಿದ್ದಿತ್ತು. ನಿನ್ನೆ ರಾತ್ರಿ ಹನ್ನೊಂದೂವರೆಗೆ ತುಂಬಿತು.

ಒಂಬತ್ತರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಟೇಪು ಎರಡನೆಯದು, ಅದರಲ್ಲಿ ಚರ್ಚೆ ಇಲ್ಲ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಮೂರನೆಯದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಗಮಕ ಕಲಿಸಿದ ಮನುಷ್ಯ, ಕರಾವಳಿಯವರು ಅವರನ್ನು ಮೂರಕ್ಕಿಂತ ಕೆಳಗೆ ಇಟ್ಟರೆ ಮನೆಗೆ ಹೋಗುವ ಬಸ್ಸು ಸಿಗಲಿಕ್ಕಿಲ್ಲ. ವಿಲ್ಫಿ ರೆಬಿಂಬಸ್ ಅವರ ಕೊಂಕಣಿ ಹಾಡುಗಳು ಐದು. ಏಳನೆಯದು 1978ರ ‘ನಿತ್ಯೋತ್ಸವ’. ಆ ಕ್ಯಾಸೆಟ್ಟಿನಲ್ಲಿ ಟೇಪನ್ನು ಡೆಕ್ಕಿನ ತಲೆಗೆ ಒತ್ತಿ ಹಿಡಿಯುವ ಒತ್ತುಪಟ್ಟಿ ಉದುರಿ ಬಿದ್ದಿತ್ತು, ಬೇರೊಂದು ಸತ್ತ ಕ್ಯಾಸೆಟ್ಟಿನಿಂದ ಕಿತ್ತು ಅಂಟಿಸಿದ್ದೇನೆ. ನಾಲ್ಕನೆಯದರ ಬಗ್ಗೆ ಮುಂದೆ ಬರುತ್ತದೆ.

ಡೆಕ್ಕಿನ ತಲೆ ಒರೆಸಿದ್ದು, ಆ ತಲೆಯ ವಾಲು ಸರಿಪಡಿಸುವ ಅಜಿಮತ್ ತಿರುಪು ತಿರುಗಿಸಿದ್ದು, ಟೇಪಿಗೆ ಹಿಡಿದ ಜುಲೈಯ ಬೂಷ್ಟನ್ನು ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ತೆಗೆದದ್ದು ಎಲ್ಲ ಹಳೆಯ ಕ್ಯಾಸೆಟ್ ಇಳಿಸುವವರ ಮಾಮೂಲಿ ಕೆಲಸವೇ. ನಮ್ಮ ಉಡುಪಿ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಬರುತ್ತದೆ, ಟೇಪಿನ ಪಾಡು ಕೇಳಬೇಕಾ? ಆದರೆ ಡೆಕ್ಕಿನ ಮೋಟಾರಿನ ರಬ್ಬರ್ ಬೆಲ್ಟಿನ ವಿಷಯ ಹೇಳದಿದ್ದರೆ ಹೊಟ್ಟೆ ಉರಿ ಆರುವುದಿಲ್ಲ. ಆನ್‌ಲೈನಿನಲ್ಲಿ ಒಬ್ಬನಿಂದ ‘ಹತ್ತು ಅಳತೆಯ ಬೆಲ್ಟ್ ಸೆಟ್’ ತರಿಸಿದೆ. ಬಂದದ್ದು ಹತ್ತು ಬೆಲ್ಟ್, ಅಳತೆ ಒಂದೇ. ಫೋನ್ ಮಾಡಿದರೆ ‘ಎಳೆದು ಹಾಕಿ ಸರ್, ರಬ್ಬರ್ ಅಲ್ವಾ’ ಎಂದ. ಎಳೆದು ಹಾಕಿದರೆ ಪ್ರತಿ ಸುತ್ತಿಗೂ ಸ್ವರ ತೇಲುತ್ತದೆ ಮಾರಾಯ್ರೆ, ಯಕ್ಷಗಾನದ ಭಾಗವತರು ದೋಣಿಯಲ್ಲಿ ಕೂತು ಹಾಡಿದ ಹಾಗೆ. ಕಡೆಗೆ ಹೊಲಿಗೆ ಯಂತ್ರ ರಿಪೇರಿಯವರ ಡಬ್ಬಿಯಲ್ಲಿ ಸರಿಯಾದದ್ದು ಸಿಕ್ಕಿತು.

ಈಗ ಒಂದನೆಯದರ ವಿಷಯ. ಸೋದರಮಾವನ ಟ್ರಂಕಿನಲ್ಲಿದ್ದ ಒಂದು ಸಿ-90 ಕ್ಯಾಸೆಟ್. ಮೇಲೆ ಅವರದೇ ಅಕ್ಷರ: ‘ಡೇರೆ ಮೇಳ, ಬ್ರಹ್ಮಾವರ, 84’. ಡೇರೆ ಹಾಕಿ ಆಡುವ ಯಕ್ಷಗಾನ ತಂಡದ ಆಟ. ಪ್ರಸಂಗದ ಹೆಸರಿಲ್ಲ, ಹಾಡಿದ ಭಾಗವತರ ಹೆಸರಿಲ್ಲ. ಕಾಳಿಂಗ ನಾವಡರು ಎಂದು ಮಾವನ ವಾದ. ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಯಕ್ಷಗಾನದ, ಮನೆಗಳಲ್ಲಿ ಇದು ಮಾಮೂಲಿ ರೋಗ. ಗುಂಡ್ಮಿಯ ಆ ಭಾಗವತರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ಮೇಲೆ ಹೆಸರಿಲ್ಲದ ಪ್ರತಿ ಕ್ಯಾಸೆಟ್ಟೂ ನಾವಡರದ್ದೇ. ಹಾಕಿ ಕೇಳಿದೆ. ಮೊದಲ ಪದ್ಯಕ್ಕೇ ರೋಮ ಎದ್ದಿತು. ಎರಡನೆಯ ಪದ್ಯಕ್ಕೆ ಸಂಶಯ ಬಂತು. ಸ್ವರ ಎಳೆಯದು, ಚಂಡೆ ಸಣ್ಣದು, ವೇಷಧಾರಿಯ ಮಾತು ಹೈಸ್ಕೂಲ್ ಹುಡುಗನದ್ದು. ಟೇಪು ಜೋರಾಗಿ ಓಡುತ್ತಾ ಇದೆ. ಜೋರಾಗಿ ಓಡಿಸಿದರೆ ಯಾವ ಭಾಗವತರಾದರೂ ಹತ್ತು ವರ್ಷ ಚಿಕ್ಕವರಾಗುತ್ತಾರೆ. ಎಷ್ಟು ಜೋರು ಎಂದು ತಿಳಿಯದೆ ಈ ದನಿಗೆ ಒಂದನೆಯ ಜಾಗ ಕೊಡುವುದು ಹೇಗೆ? ನಾನು ಮೆಚ್ಚಿದ್ದು ಭಾಗವತರನ್ನೋ ಮೋಟಾರನ್ನೋ?

ನನ್ನ ಡೆಕ್ಕಿನ ತಪ್ಪಲ್ಲ. 3150 ಹರ್ಟ್ಸಿನ ಪರೀಕ್ಷಾ ಟೇಪು ಹಾಕಿದರೆ 3158 ತೋರಿಸುತ್ತದೆ, ಅಂದರೆ ಶೇಕಡಾ 0.25 ಮಾತ್ರ ಜೋರು. ರೆಕಾರ್ಡ್ ಮಾಡಿದ ಯಂತ್ರವೇ ನಿಧಾನ ಓಡಿರಬೇಕು.

ಮಾವನಿಗೆ ಫೋನ್. ‘ಬ್ಯಾಟರಿಯಲ್ಲಿ ಮಾಡಿದ್ದಾ ಮಾವ?’

‘ಮತ್ತೆಂತ, ಗದ್ದೆಯಲ್ಲಿ ಪ್ಲಗ್ ಪಾಯಿಂಟ್ ಉಂಟಾ?’

‘ಹೊಸ ಬ್ಯಾಟರಿಯಾ?’

‘ಟಾರ್ಚಿನದ್ದೇ ತೆಗೆದು ಹಾಕಿದ್ದು. ಬರುವಾಗ ಕತ್ತಲೆಯಲ್ಲಿ ಬಂದೆ.’

ಮುಗಿಯಿತಲ್ಲ. ಬ್ಯಾಟರಿ ಸಾಯುತ್ತಾ ಹೋದ ಹಾಗೆ ಮೋಟಾರು ನಿಧಾನ, ಈಗ ಹಾಕಿದರೆ ಬರಬರುತ್ತಾ ಜೋರು. ಎ ಮುಖ ಹೇಗೋ ತಡೆದುಕೊಂಡಿದೆ, ಬಿ ಮುಖದ ಕೊನೆಯಲ್ಲಿ ಭಾಗವತರು ಇಲಿ. ಒಂದೇ ಅಂಕಿ ಹಾಕಿ ಸ್ಪೀಡ್ ಬದಲಿಸಿದರೆ ಆಗುವುದಿಲ್ಲ, 45 ನಿಮಿಷದ ಉದ್ದಕ್ಕೂ ಒಂದು ವಕ್ರರೇಖೆ ಬೇಕು.

ಕರೆಂಟಿನ ಗುಂಯ್‌ಗುಡುವಿಕೆ ನೋಡಿ ಸ್ಪೀಡ್ ಹಿಡಿಯುವ ಒಂದು ಉಪಾಯ ಉಂಟು: ಮೈಕು, ಸ್ಪೀಕರ್ ಇದ್ದಲ್ಲಿ ಕರೆಂಟಿನ ಸದ್ದು, ಅದರ ಎರಡು, ಮೂರು, ಆರು ಪಟ್ಟುಗಳೂ, ಮೆಲ್ಲಗೆ ರೆಕಾರ್ಡಿಂಗಿಗೆ ಸೇರುತ್ತವೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಟೇಪಿನಲ್ಲಿ ಅದು 53 ಎಂದು ಕಂಡರೆ ಶೇಕಡಾ 6 ಜೋರು, ಹೆಚ್ಚುಕಡಿಮೆ ಹಾರ್ಮೋನಿಯಂನ ಒಂದು ಮನೆ, ಅಂದರೆ ಪಕ್ಕದ ಕೀಲಿಯಷ್ಟು ಮೇಲೆ. ಡೇರೆ ಮೇಳದಲ್ಲಿ ಕೊಂಬಿನ ಸ್ಪೀಕರ್, 50 ಅದರಲ್ಲಿ ಬರುವುದಿಲ್ಲ, ಹಾಗಾಗಿ ಅದರ ಆರು ಪಟ್ಟು, 300ರ ಹತ್ತಿರ ಹುಡುಕಿದೆ. ಸದ್ದನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ತೆರೆದರೆ ಗೆರೆ ಎಳೆದ ಹಾಗೆ 300. ಒಂದು ಹರ್ಟ್ಸ್ ಆಚೀಚೆ ಇಲ್ಲ. ಹಾಗಾದರೆ ಟೇಪು ಸರಿ, ನನ್ನ ಕಿವಿಯೇ ಸರಿ ಇಲ್ಲ! ನಾಲ್ಕು ದಿನ ಹಾಗೆಂದೇ ನಂಬಿದ್ದೆ. ಐದನೆಯ ದಿನ ಕ್ಯಾಸೆಟ್ ತೆಗೆದು ಖಾಲಿ ಡೆಕ್ ಓಡಿಸಿ ನೋಡಿದೆ. ಗೆರೆ ಅಲ್ಲೇ ಉಂಟು. ಅದು ಬ್ರಹ್ಮಾವರದ ಕರೆಂಟಲ್ಲ, ನನ್ನ ಕೋಣೆಯದ್ದು, ಅರ್ಥಿಂಗ್ ಸಡಿಲವಾಗಿತ್ತು. ಹೆಂಡತಿ ‘ನಾಲ್ಕು ದಿನ ಮಿಕ್ಸಿ ಯಾಕೆ ಹಾಕಬಾರದು ಅಂತ ಹೇಳಿದ್ದು ಇದಕ್ಕಾ?’ ಎಂದಳು. ಉತ್ತರ ಕೊಡಲಿಲ್ಲ.

ಆ ಗೆರೆ ಒರೆಸಿಹಾಕಿದ ಮೇಲೆ ಮೇಲುಗಡೆ ಇನ್ನೊಂದು ಕಂಡಿತು. ಮಸುಕು, ಹಾವಿನ ಹಾಗೆ ಓಲಾಡುವ ಗೆರೆ, ಬಿ ಮುಖದ ಆರಂಭದಲ್ಲಿ 328. ಆರರಿಂದ ಭಾಗಿಸಿದರೆ 54.7. ಸಿಕ್ಕಿತು ಎಂದು ಕುಣಿದೆ. ಅರ್ಧ ಗಂಟೆಯ ಮೇಲೆ ತಲೆಗೆ ಹೋಯಿತು: ಗದ್ದೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಡೇರೆ ಮೇಳದ ಲೈಟು ಮೈಕು ಎಲ್ಲ ಜನರೇಟರಿನದ್ದು. ಜನರೇಟರ್ 50ರಲ್ಲೇ ನಿಂತಿದೆ ಎಂದು ಯಾವ ದೇವರ ಮೇಲೆ ಆಣೆ ಹಾಕುವುದು? ಲೋಡ್ ಬಿದ್ದರೆ 49, ಬಿಟ್ಟರೆ 51. ಅಳತೆಗೋಲೇ ಕುಡಿದು ಓಲಾಡುತ್ತಿದ್ದರೆ ಬಟ್ಟೆ ಅಳೆಯುವುದು ಹೇಗೆ. ಡೆಕ್ ಮುಚ್ಚಿ ಎರಡು ದಿನ ಹತ್ತಿರ ಹೋಗಲಿಲ್ಲ.

ಆ ಎರಡು ದಿನ ನಾಲ್ಕನೆಯ ನಂಬರ್ ಕೇಳಿದೆ. ಅಮೆರಿಕದ ಜಾಝ್ ಕಲಾವಿದ ಮೈಲ್ಸ್ ಡೇವಿಸ್‌ರ ‘ಕೈಂಡ್ ಆಫ್ ಬ್ಲೂ’, 1959. ಅದರ ಮೊದಲ ಮುಖದ ಮೂರು ಹಾಡುಗಳನ್ನು ಧ್ವನಿಮುದ್ರಿಸಿದ ಯಂತ್ರ ಸ್ವಲ್ಪ ನಿಧಾನ ಓಡಿತ್ತು, ಹಾಗಾಗಿ ಎಲ್ಲ ಪ್ರತಿಗಳಲ್ಲೂ ಶ್ರುತಿ ಒಂಚೂರು ಮೇಲೆ. ಸರಿಯಾಗಿ ಓಡಿದ ಇನ್ನೊಂದು ಯಂತ್ರದ ಟೇಪಿನಿಂದ ತಿದ್ದಿದ್ದು 1992ರಲ್ಲಿ. ಮೂವತ್ತಮೂರು ವರ್ಷ! ಅಷ್ಟು ದೊಡ್ಡ ಕಂಪನಿಗೇ ಅಷ್ಟು ಹಿಡಿದರೆ ಟಾರ್ಚಿನ ಬ್ಯಾಟರಿಯ ಮಾವನನ್ನು ಬೈದು ಫಲವಿಲ್ಲ. ನನ್ನ ಕ್ಯಾಸೆಟ್ ತಿದ್ದುವ ಮೊದಲಿನದು. ಅದನ್ನು ಹಾಗೇ ಇಳಿಸಿದ್ದೇನೆ, ಮುಟ್ಟಿಲ್ಲ.

ಅಲ್ಲಿಂದಲೇ ದಾರಿ ಹೊಳೆಯಿತು: ಇನ್ನೊಂದು ಸಾಕ್ಷಿ ಬೇಕು. ಕರೆಂಟಿಗೂ ಬ್ಯಾಟರಿಗೂ ಸಂಬಂಧ ಇಲ್ಲದ ಒಂದು ಶಬ್ದ ಆ ಡೇರೆಯಲ್ಲಿ ರಾತ್ರಿಯಿಡೀ ಇತ್ತಲ್ಲ, ಶ್ರುತಿಪೆಟ್ಟಿಗೆ! ತಿದಿ ಒತ್ತಿದರೆ ಹಿತ್ತಾಳೆಯ ರೀಡ್ ನುಡಿಯುತ್ತದೆ, ಜನರೇಟರ್ ಸತ್ತರೂ ಅದೇ ಸ್ವರ. ಎಲೆಕ್ಟ್ರಾನಿಕ್ ಪೆಟ್ಟಿಗೆಯಾಗಿದ್ದರೆ ಬಿರಡೆ ತಿರುಗಿಸಿ ಎಲ್ಲಿ ಬೇಕಾದರೂ ನಿಲ್ಲಿಸಿರಬಹುದಿತ್ತು, ನನ್ನ ಕೆಲಸ ಕೆಡುತ್ತಿತ್ತು. ಇದರಲ್ಲಿ ತಿದಿಯ ಉಸಿರು ಕೇಳುತ್ತದೆ. ಬಿ ಮುಖದ ಆರಂಭದಲ್ಲಿ ಆ ಸ್ವರ 379 ಹರ್ಟ್ಸ್. ಹಾರ್ಮೋನಿಯಂನಲ್ಲಿ ಅಂಥ ಮನೆ ಇಲ್ಲ. ಕೆಳಗೆ ಕಪ್ಪು ಮೂರು 370, ಬಿಳಿ ನಾಲ್ಕು 349, ಬಿಳಿ ಮೂರು 330. ಮೂರರಲ್ಲಿ ಯಾವುದು? ರೀಡ್ ಸುಳ್ಳು ಹೇಳುವುದಿಲ್ಲ, ಆದರೆ ತಾನು ಯಾರೆಂದೂ ಹೇಳುವುದಿಲ್ಲ.

ಆಗ ಓಲಾಡುವ ಜನರೇಟರನ್ನು ಮತ್ತೆ ಕರೆದೆ. ಆ 379 ನಿಜಕ್ಕೂ ಕಪ್ಪು ಮೂರು, ಅಂದರೆ 370, ಎಂದಿಟ್ಟು 54.7ನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಜನರೇಟರ್ 53.4ರಲ್ಲಿ ಓಡಿರಬೇಕು, ಬಲ್ಬುಗಳು ಉಳಿಯಲಿಕ್ಕಿಲ್ಲ. ಬಿಳಿ ಮೂರು ಎಂದರೆ 47.5, ರಂಗಸ್ಥಳದಲ್ಲಿ ಮಬ್ಬು. ಬಿಳಿ ನಾಲ್ಕಕ್ಕೆ 50.4. ಇಬ್ಬರೂ ಅರ್ಧಂಬರ್ಧ ಸಾಕ್ಷಿಗಳು, ಆದರೆ ಇಬ್ಬರ ಮಾತು ಕೂಡುವುದು ಅಲ್ಲಿ ಮಾತ್ರ. ಅಂದರೆ ಶೇಕಡಾ 8.5 ಜೋರು.

ಉಳಿದದ್ದು ಕೂಲಿ ಕೆಲಸ. ಮೂರು ಮೂರು ನಿಮಿಷಕ್ಕೆ ಶ್ರುತಿ ಅಳೆದು, ಆಡಾಸಿಟಿ ಎಂಬ ಸಾಫ್ಟ್‌ವೇರಿನ ಟೈಮ್ ಟ್ರ್ಯಾಕಿನಲ್ಲಿ ಗುರುತು ಹಾಕಿ ರೇಖೆ ಬಗ್ಗಿಸಿದೆ. ಅರ್ಧದವರೆಗೆ ನಿಧಾನ ಏರಿಕೆ, ಕೊನೆಯ ಹತ್ತು ನಿಮಿಷ ಬ್ಯಾಟರಿ ಪ್ರಾಣ ಬಿಡುವಾಗ ಆಗುಂಬೆ ಘಾಟಿ. ತುದಿಯಲ್ಲಿ ಶೇಕಡಾ 14. ತಿದ್ದಿದ ಮೇಲೆ ಇನ್ನೊಂದು ಮಜಾ. ಶ್ರುತಿ ನೇರವಾಯಿತು, ಈಗ ಗೆರೆಯಲ್ಲಿ ಓಲಾಡುವುದು ಜನರೇಟರ್ ಒಂದೇ. ರಾಕ್ಷಸ ಪಾತ್ರದ ಬಣ್ಣದ ವೇಷದ ಅಬ್ಬರ ಕೇಳುವಲ್ಲೆಲ್ಲ ಗೆರೆ 49ಕ್ಕೆ ಕುಸಿಯುತ್ತದೆ. ಹೆಚ್ಚಿನ ಲೈಟು ಹಾಕುತ್ತಿದ್ದರೋ ಏನೋ. ನಲವತ್ತು ವರ್ಷದ ಹಿಂದಿನ ಸ್ವಿಚ್ಚಿನ ಸದ್ದನ್ನು ಉಡುಪಿಯಲ್ಲಿ ಕೂತು ಓದಿದ ಹಾಗಾಯಿತು.

ಇಂದು ಬೆಳಿಗ್ಗೆ ನಮ್ಮ ಬೀದಿಯಲ್ಲೇ ಇರುವ ಹಿರಿಯ ಮದ್ದಳೆಗಾರರಿಗೆ ಕೇಳಿಸಿದೆ. ಮದ್ದಳೆಯ ಮೊದಲ ನುಡಿತಕ್ಕೇ ‘ಬಿಳಿ ನಾಲ್ಕು’ ಎಂದರು. ಮೂರು ವಾರದ ಲೆಕ್ಕ ವಿವರಿಸಿದೆ. ‘ನನ್ನ ಹತ್ರ ಮೊದಲೇ ಕೇಳಬಹುದಿತ್ತಲ್ಲ ಮಾರಾಯ್ರೆ, ಆಗ ಆ ಕಡೆ ಬರುತ್ತಿದ್ದ ಡೇರೆ ಮೇಳದ ಪೆಟ್ಟಿಗೆ ಬಿಳಿ ನಾಲ್ಕೇ.’ ಭಾಗವತರು ಯಾರು? ನಾವಡರಲ್ಲ, ಅದು ಖಂಡಿತ ಎಂದರು. ಎರಡು ಹೆಸರು ಹೇಳಿದರು, ಚಹಾ ಕುಡಿದ ಮೇಲೆ ಎರಡನ್ನೂ ಹಿಂದೆ ತೆಗೆದುಕೊಂಡರು. ಹಾಗಾಗಿ ಪಟ್ಟಿಯ ಒಂದನೆಯ ಸಾಲಿನಲ್ಲಿ ‘ಬ್ರಹ್ಮಾವರ, 84, ಬಿ ಮುಖ’ ಎಂದಷ್ಟೇ ಉಂಟು. ದನಿ ಈಗ ತುಂಬಿದೆ, ನಡುವಯಸ್ಸಿನದು, ಏರುಪದ್ಯದಲ್ಲಿ ಒಂದು ಕಡೆ ಸಣ್ಣಗೆ ಒಡೆಯುತ್ತದೆ. ಜೋರು ಓಡುವಾಗ ಆ ಒಡಕು ಕೇಳಿಸಿರಲೇ ಇಲ್ಲ. ಮನ್ಸೂರರ ಮೇಲೆ ಇದನ್ನು ಇಟ್ಟದ್ದಕ್ಕೆ ಬೈಯುವವರು ಬೈಯಿರಿ, ಕಾರಣ ಆ ಒಡಕು.

ಎ ಮುಖ ಭಾನುವಾರ. ಅಷ್ಟರಲ್ಲಿ ಮಾವನ ಅಟ್ಟದಿಂದ ಇನ್ನೊಂದು ಪೆಟ್ಟಿಗೆ ಇಳಿದಿದೆ, ಅರಗಿನ 78 ಆರ್‌ಪಿಎಂ ತಟ್ಟೆಗಳು, ಹತ್ತೊಂಬತ್ತು. ಅವುಗಳ ತೋಡು ಅಗಲ, ಎಲ್‌ಪಿಯ ಮುಳ್ಳು ತಳದಲ್ಲಿ ಕೆರೆಯುತ್ತದೆ, ಮೂರು ಪಟ್ಟು ದಪ್ಪದ ಮುಳ್ಳು ಬೇಕು. ತುಂಬ ಹಳೆಯವು ಹೆಸರಿಗೆ 78, ಓಡುವುದು ಮನಸ್ಸಿಗೆ ಬಂದ ಹಾಗೆ. ಮುಳ್ಳಿಗೆ ಆರ್ಡರ್ ಹಾಕಿದ್ದೇನೆ, ಬೆಲ್ಟಿನವನಿಗಲ್ಲ.

ಸಂಜೆ ಮಾವ ಬಂದಿದ್ದರು. ತಿದ್ದಿದ್ದನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ‘ಯಾಕೋ ಇವರು ಹೀಗೆ ಎಳೀತಾರೆ? ಮೊದಲು ಚುರುಕಿತ್ತು.’ ಅವರಿಗೆ ಹಳೆಯ ಸ್ಪೀಡಿನದ್ದನ್ನೇ ಪೆನ್‌ಡ್ರೈವಿಗೆ ಹಾಕಿ, ಮೇಲೆ ‘ನಾವಡರು’ ಎಂದು ಬರೆದು ಕೊಟ್ಟೆ.